ಒಂದು ಡ್ರಾಯಿಂಗಿಗೆ ಒಂದೇ ಜಾಗ: ಕಾರ್ಖಾನೆಯ ಕಡತ ಜೋಡಿಸಿದ ನನ್ನ ಅನುಭವ

36 ಬಾನೆಟ್‌ಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟಿದ್ದರು. ಬಾನೆಟ್ ಎಂದರೆ ವಾಲ್ವಿನ ಮೇಲ್ಮುಚ್ಚಳ. ಅದು ವಾಲ್ವಿನ ಒಡಲಿಗೆ ಕೂಡುವ ಕಡೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಕೂರಲು ಒಂದು ಗ್ರೂವ್, ಅಂದರೆ ತೋಡು, ಕೊರೆದಿರುತ್ತಾರೆ. ಅದರ ಆಳ 4 ಮಿಲಿಮೀಟರ್ ಇರಬೇಕಿತ್ತು, 5 ಇತ್ತು. ಲೇಥ್ ನಡೆಸುವ ಕಾಕಾ ಕೈಯಲ್ಲಿದ್ದ ಡ್ರಾಯಿಂಗ್ ಇಸಿದುಕೊಂಡು ನೋಡಿದೆ. ಅದರಲ್ಲಿ 5 ಎಂದೇ ಇತ್ತು. ಅವರ ಕೈ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಆದರೆ ಆ ಡ್ರಾಯಿಂಗ್ 2ನೇ ರಿವಿಜನ್ನಿನದು, ಅಂದರೆ 2ನೇ ತಿದ್ದುಪಡಿಯದು. ಎರಡು ತಿಂಗಳ ಹಿಂದೆಯೇ 3ನೇ ರಿವಿಜನ್ ಬಂದು ಆಳ 4ಕ್ಕೆ ಇಳಿದಿತ್ತು. ಕಡಿಮೆ ಕೊರೆದಿದ್ದರೆ ಇನ್ನಷ್ಟು ಕೊರೆಯಬಹುದಿತ್ತು. ಹೆಚ್ಚು ಕೊರೆದ ಉಕ್ಕು ಮರಳಿ ಬೆಳೆಯುವುದಿಲ್ಲ. "ತಂಗೀ, ನೀವು ಕೊಟ್ಟ ಕಾಗದದಲ್ಲಿ ಏನಿತ್ತೋ ಅದನ್ನೇ ಮಾಡಿದ್ದೇನೆ" ಎಂದರು ಕಾಕಾ. ಮೂವತ್ತು ವರ್ಷ ಯಂತ್ರದ ಸದ್ದಿನ ನಡುವೆ ಗಟ್ಟಿಯಾಗಿ ಮಾತಾಡಿ ರೂಢಿಯಾದವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಆ ಕಾಗದ ಹೊರಟದ್ದು ನಮ್ಮ ಕಚೇರಿಯಿಂದ. ದಾಖಲೆಗಳನ್ನು ನೋಡಿಕೊಳ್ಳುವ ಹೊಣೆ ನನ್ನದು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ನಮ್ಮ ಕಾರ್ಖಾನೆಯಿದೆ. ಗೇಟ್ ವಾಲ್ವ್, ಗ್ಲೋಬ್ ವಾಲ್ವ್, ಚೆಕ್ ವಾಲ್ವ್ ತಯಾರಿಸುತ್ತೇವೆ. ಆ ದಿನ ಮಧ್ಯಾಹ್ನ ಊಟಕ್ಕೂ ಏಳದೆ, ಕಚೇರಿಯವರೆಲ್ಲ ಬಳಸುವ ಹಂಚಿಕೆಯ ಡ್ರೈವ್ ತೆರೆದು ಆ ಡ್ರಾಯಿಂಗನ್ನು ಹುಡುಕಿದೆ. ಅದೇ ಹೆಸರಿನ ಫೈಲು ನಾಲ್ಕು ಕಡೆ ಸಿಕ್ಕಿತು. ವಿನ್ಯಾಸ ವಿಭಾಗದ ಫೋಲ್ಡರಿನಲ್ಲಿ ಒಂದು, ಇಬ್ಬರು ಗಿರಾಕಿಗಳ ಹೆಸರಿನ ಫೋಲ್ಡರುಗಳಲ್ಲಿ ಒಂದೊಂದು, ಕೆಲಸ ಬಿಟ್ಟು ಹೋದ ಹುಡುಗನೊಬ್ಬನ ಹೆಸರಿನ ಫೋಲ್ಡರಿನಲ್ಲಿ ಇನ್ನೊಂದು. 3ನೇ ರಿವಿಜನ್ ಆಗಿದ್ದದ್ದು ಮೊದಲನೆಯದು ಮಾತ್ರ. ಪ್ರಿಂಟ್ ತೆಗೆದವರು ಗಿರಾಕಿಯ ಫೋಲ್ಡರಿನಿಂದ ತೆಗೆದಿದ್ದರು. ಆರ್ಡರ್ ಆ ಗಿರಾಕಿಯದೇ ಆಗಿದ್ದರಿಂದ ಅಲ್ಲಿಂದ ತೆಗೆದದ್ದು ಸಹಜವೂ ಆಗಿತ್ತು. ಯಾರನ್ನೂ ಬೈಯಲು ನನಗೆ ಮನಸ್ಸು ಬರಲಿಲ್ಲ. ಫೋಲ್ಡರುಗಳನ್ನು ಕಟ್ಟಿದ ರೀತಿಯಲ್ಲೇ ಆ ತಪ್ಪು ಕಾದು ಕೂತಿತ್ತು.

ನಾನು ಕೆಲಸ ಕಲಿತದ್ದು ಆವಕ-ಜಾವಕ ವಹಿಯಲ್ಲಿ. ಬಂದ ಪತ್ರಕ್ಕೆ ಒಂದು ಸಂಖ್ಯೆ, ಹೋದ ಪತ್ರಕ್ಕೆ ಒಂದು ಸಂಖ್ಯೆ. ಪತ್ರ ಯಾವ ಮೇಜಿಗೆ ಹೋದರೂ ಅದರ ಸಂಖ್ಯೆ ಬದಲಾಗುತ್ತಿರಲಿಲ್ಲ, ಮೂಲಪ್ರತಿ ಒಂದೇ ದಪ್ತರದಲ್ಲಿ ಇರುತ್ತಿತ್ತು. ಕಂಪ್ಯೂಟರ್ ಬಂದ ಮೇಲೆ ನಕಲು ಮಾಡುವುದು ಎಷ್ಟು ಸುಲಭವಾಯಿತೆಂದರೆ, ಮೂಲ ಯಾವುದು ಎಂದು ಕೇಳುವುದನ್ನೇ ನಾವು ಬಿಟ್ಟಿದ್ದೆವು. ದಾಖಲೆ ನಿರ್ವಹಣೆಯ ತಂತ್ರಾಂಶ ಹಾಕಿಕೊಳ್ಳೋಣ ಎಂದು ಮಾಲೀಕರ ಮುಂದೆ ಹೋದಾಗ ನನ್ನ ಕೈಯಲ್ಲಿ ಇದ್ದದ್ದು ಇದೊಂದೇ ಮಾತು: ಪ್ರತಿ ದಾಖಲೆಗೂ ಒಂದು ಮೂಲ, ಆ ಮೂಲಕ್ಕೆ ಒಂದೇ ಜಾಗ. ಆಲ್ಫ್ರೆಸ್ಕೊ ಎಂಬ ತಂತ್ರಾಂಶದ ಸಮುದಾಯ ಆವೃತ್ತಿಯನ್ನು ನಮ್ಮದೇ ಸರ್ವರಿನಲ್ಲಿ ಹಾಕಿಕೊಂಡೆವು. ಇದೇ ಕೆಲಸ ಮಾಡುವ ತಂತ್ರಾಂಶಗಳು ಬೇರೆಯೂ ಇವೆ. ಮುಂದೆ ಹೇಳುವುದರಲ್ಲಿ ಬಹುಪಾಲು ಅವಕ್ಕೂ ಸಲ್ಲುತ್ತದೆ.

ತಂತ್ರಾಂಶ ಹಾಕಿದ್ದು ಎರಡು ದಿನದ ಕೆಲಸ. ಫೋಲ್ಡರುಗಳ ಮರವನ್ನು ಯೋಚಿಸಲು ಮೂರು ತಿಂಗಳು ಹಿಡಿಯಿತು. ಮೊದಲು ಗಿರಾಕಿಗಳ ಹೆಸರಿನಲ್ಲಿ ಕಟ್ಟಿದೆ. ವಾರದೊಳಗೆ ಹಳೆಯ ರೋಗವೇ ಮರಳಿತು: ಒಂದೇ ಗೇಟ್ ವಾಲ್ವನ್ನು ಆರು ಗಿರಾಕಿಗಳು ಕೊಳ್ಳುತ್ತಾರೆ, ಹಾಗಾದರೆ ಅದರ ಡ್ರಾಯಿಂಗ್ ಯಾರ ಫೋಲ್ಡರಿನಲ್ಲಿ ಇರಬೇಕು? ಕೆಡವಿದೆ. ಆಮೇಲೆ ವಿಭಾಗಗಳ ಹೆಸರಿನಲ್ಲಿ ಕಟ್ಟಿದೆ. ಅಷ್ಟರಲ್ಲಿ ತಪಾಸಣೆ ವಿಭಾಗವನ್ನು ಗುಣಮಟ್ಟ ವಿಭಾಗದೊಳಗೆ ಸೇರಿಸಿದರು, ಅರ್ಧ ಮರ ಅರ್ಥ ಕಳೆದುಕೊಂಡಿತು. ಅದನ್ನೂ ಕೆಡವಿದೆ. ಕೊನೆಗೆ ಉಳಿದದ್ದು ದಾಖಲೆಯ ಜಾತಿಯನ್ನು ಹಿಡಿದು ಕಟ್ಟಿದ ಮರ: ಡ್ರಾಯಿಂಗ್, ವಸ್ತು ಪರೀಕ್ಷಾ ಪ್ರಮಾಣಪತ್ರ, ತಪಾಸಣಾ ವರದಿ, ಖರೀದಿ, ಮಾರಾಟ, ಗುಣಮಟ್ಟದ ಕೈಪಿಡಿ, ಸಿಬ್ಬಂದಿ. ಗಿರಾಕಿ ಬದಲಾಗಬಹುದು, ವಿಭಾಗ ಬದಲಾಗಬಹುದು, ಡ್ರಾಯಿಂಗ್ ಮಾತ್ರ ಡ್ರಾಯಿಂಗಾಗಿಯೇ ಇರುತ್ತದೆ. ಮೂರು ಮೆಟ್ಟಿಲಿಗಿಂತ ಆಳಕ್ಕೆ ಇಳಿಯಕೂಡದು ಎಂದು ಗೆರೆ ಹಾಕಿದೆ. ಹಳೆಯ ಡ್ರೈವಿನಲ್ಲಿ ಫೋಲ್ಡರಿನೊಳಗೆ ಫೋಲ್ಡರು ಇಟ್ಟು ಇಟ್ಟು, ದಾರಿಯ ಉದ್ದ ವಿಂಡೋಸಿನ 260 ಅಕ್ಷರಗಳ ಮಿತಿಯನ್ನು ದಾಟಿ ಕೆಲವು ಫೈಲುಗಳು ತೆರೆಯುವುದನ್ನೇ ನಿಲ್ಲಿಸಿದ್ದವು.

ಗಿರಾಕಿ, ಆರ್ಡರ್ ಸಂಖ್ಯೆ, ವಾಲ್ವಿನ ಅಳತೆ, ಒತ್ತಡದ ದರ್ಜೆ ಇವೆಲ್ಲ ಎಲ್ಲಿಗೆ ಹೋದವು? ಫೈಲಿನ ಜೊತೆಗೆ ತುಂಬುವ ವಿವರಗಳಾಗಿ ಹೋದವು. ಮೊದಲು ನನಗೂ ಇದು ಗುಮಾಸ್ತಿಕೆಯ ಹೆಚ್ಚಿನ ಹೊರೆ ಅನ್ನಿಸಿತ್ತು. ಅದರ ಬೆಲೆ ಗೊತ್ತಾದದ್ದು ಪ್ರಮಾಣಪತ್ರಗಳ ವಿಷಯದಲ್ಲಿ. ಬೆಳಗಾವಿಯ ಫೌಂಡ್ರಿಗಳಿಂದ ನಮಗೆ ಎರಕ ಬರುತ್ತದೆ. ಒಂದು ಬಾರಿ ಕರಗಿಸಿದ ಲೋಹಕ್ಕೆ ಒಂದು ಹೀಟ್ ನಂಬರ್. ಆ ನಂಬರ್ ಎರಕದ ಮೇಲೂ ಮೂಡಿರುತ್ತದೆ, ರಾಸಾಯನಿಕ ಮತ್ತು ಬಲಪರೀಕ್ಷೆಯ ಪ್ರಮಾಣಪತ್ರದಲ್ಲೂ ಇರುತ್ತದೆ. ಒಂದೇ ಹೀಟಿನ ಎರಕ ಐದು ಆರ್ಡರುಗಳಿಗೆ ಹಂಚಿಹೋಗಬಹುದು. ಮೊದಲು ನಾವು ಆ ಪ್ರಮಾಣಪತ್ರವನ್ನು ಐದೂ ಫೋಲ್ಡರುಗಳಲ್ಲಿ ನಕಲು ಮಾಡಿ ಇಡುತ್ತಿದ್ದೆವು. ಈಗ ಅದು ಒಂದೇ ಕಡೆ ಇದೆ, ವಿವರದಲ್ಲಿ ಹೀಟ್ ನಂಬರ್ ಇದೆ, ಆರ್ಡರಿನ ಕಡೆಯಿಂದ ಕೊಂಡಿ ಮಾತ್ರ ಇದೆ. ಗಿರಾಕಿಯ ಕಡೆಯ ತಪಾಸಣಾಧಿಕಾರಿ ಬಂದು ವಾಲ್ವಿನ ಮೇಲಿನ ನಂಬರನ್ನು ಬೆರಳಿಟ್ಟು ತೋರಿಸಿದರೆ, ಅದನ್ನು ಹುಡುಕು ಪೆಟ್ಟಿಗೆಯಲ್ಲಿ ಬರೆಯುತ್ತೇನೆ. ಅವರು ಚಹಾದ ಕಪ್ಪು ಕೆಳಗಿಡುವಷ್ಟರಲ್ಲಿ ಪ್ರಮಾಣಪತ್ರ ಪರದೆಯ ಮೇಲಿರುತ್ತದೆ. ಹಿಂದೆ ಇದೇ ಕೆಲಸಕ್ಕೆ ಅರ್ಧ ದಿನ ಹೋಗುತ್ತಿತ್ತು.

ಈ ಹೀಟ್ ನಂಬರನ್ನು ಕೈಯಿಂದಲೇ ಬರೆಯಬೇಕು. ಸ್ಕ್ಯಾನ್ ಮಾಡಿದ ಕಾಗದ ಬರಿಯ ಚಿತ್ರ, ಅದರಲ್ಲಿ ಹುಡುಕಲು ಅಕ್ಷರಗಳೇ ಇರುವುದಿಲ್ಲ. ಟೆಸರಾಕ್ಟ್‌ನಂಥ ಅಕ್ಷರ ಗುರುತಿಸುವ ತಂತ್ರಾಂಶ ಓಡಿಸಿ ನೋಡಿದೆ. ಸಾಲುಗಳನ್ನು ಚೆನ್ನಾಗಿ ಓದಿತು, ಆದರೆ ಸೊನ್ನೆಯನ್ನು ಇಂಗ್ಲಿಷಿನ ಓ ಎಂದೂ 5ನ್ನು ಎಸ್ ಎಂದೂ ಅಲ್ಲಲ್ಲಿ ತಿಳಿಯಿತು. ಹೀಟ್ ನಂಬರಿನಲ್ಲಿ ಅಷ್ಟು ತಪ್ಪಿದರೂ ಕಾಗದ ಕಳೆದುಹೋದಂತೆಯೇ.

ಕನ್ನಡದ ಕಾಗದಗಳದ್ದು ಬೇರೆ ಕಥೆ. ಸುರಕ್ಷತಾ ಸೂಚನೆಗಳು, ಕಾರ್ಮಿಕರ ಅರ್ಜಿಗಳು, ಇಲಾಖೆಗೆ ಬರೆದ ಪತ್ರಗಳು ಎಲ್ಲವೂ ಹಳೆಯ ನುಡಿ ಫಾಂಟಿನಲ್ಲಿ ಇದ್ದವು. ಕಣ್ಣಿಗೆ ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತ. 'ಸುರಕ್ಷತೆ' ಎಂದು ಹುಡುಕಿದರೆ ಒಂದೂ ಸಿಗಲಿಲ್ಲ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿ, ಒತ್ತಕ್ಷರಗಳನ್ನು ಕಣ್ಣಾರೆ ನೋಡಿ ತಿದ್ದಿ ಸೇರಿಸಿದೆವು. ನಮ್ಮ ಭಾಷೆಯ ಕಾಗದಗಳು ನಮ್ಮ ಕಾರ್ಖಾನೆಯಲ್ಲೇ ಹುಡುಕಿದರೆ ಸಿಗಬಾರದೆಂದರೆ ಹೇಗೆ? ಆ ಒಂದು ತಿಂಗಳ ಕೆಲಸದ ಬಗ್ಗೆ ನನಗೆ ಇಂದಿಗೂ ಸಮಾಧಾನವಿದೆ.

ಹೆಸರಿಡುವ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ದಿನಾಂಕವನ್ನು ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆದರೆ ಫೈಲುಗಳು ತಾವಾಗಿಯೇ ಸಾಲುಗೂಡುತ್ತವೆ. ಬಿಲ್ ಸಂಖ್ಯೆಯಲ್ಲಿ ಬರುವ ಓರೆಗೆರೆಯನ್ನು ಫೈಲಿನ ಹೆಸರಿನಲ್ಲಿ ಬಳಸಲು ಬರುವುದಿಲ್ಲ, ಅಡ್ಡಗೆರೆ ಹಾಕಬೇಕು. ರಿವಿಜನ್ ಸಂಖ್ಯೆಯನ್ನು ಮಾತ್ರ ಹೆಸರಿನಲ್ಲಿ ಹಾಕಲೇಬಾರದು. 'ಹೊಸದು', 'ಹೊಸದು 2', 'ಇದೇ ಕೊನೆಯದು' ಎಂಬ ಹೆಸರುಗಳೆಲ್ಲ ಹುಟ್ಟುವುದು ಅಲ್ಲಿಂದಲೇ. ಹೆಸರು ಹಾಗೆಯೇ ಇರುತ್ತದೆ. ಅದರಡಿಯಲ್ಲಿ ಆವೃತ್ತಿಗಳು 1.0, 1.1, 2.0 ಎಂದು ಬೆಳೆಯುತ್ತವೆ. ಫೈಲು ತೆರೆದವರಿಗೆ ಸಿಗುವುದು ಯಾವಾಗಲೂ ಕೊನೆಯದೇ.

ಇಲ್ಲಿ ಒಂದು ಕಡೆ ಜನ ಮತ್ತೆ ಮತ್ತೆ ಜಾರುತ್ತಾರೆ. ಇರುವ ಫೈಲಿನ ಮೇಲೆ ನಿಂತು 'ಹೊಸ ಆವೃತ್ತಿ ಏರಿಸು' ಎಂದು ಒತ್ತುವ ಬದಲು, ಸುಮ್ಮನೆ ಫೋಲ್ಡರಿಗೆ ಫೈಲು ತಂದು ಹಾಕುತ್ತಾರೆ. ಒಂದೇ ಫೋಲ್ಡರಿನಲ್ಲಿ ಒಂದೇ ಹೆಸರಿನ ಎರಡು ಫೈಲು ಇರಲಾರವಾದ್ದರಿಂದ ತಂತ್ರಾಂಶ ಹೊಸದರ ಹೆಸರಿನ ಕೊನೆಗೆ '-1' ಸೇರಿಸಿ ಇಟ್ಟುಕೊಳ್ಳುತ್ತದೆ. ಮೂಲ ಎರಡಾದವು, ನಾವು ಹೊರಟ ಜಾಗಕ್ಕೇ ಬಂದೆವು. ಹಾಗಾಗಿ ಪ್ರತಿ ಶನಿವಾರ ಸಂಜೆ '-1' ಎಂದು ಮುಗಿಯುವ ಹೆಸರುಗಳನ್ನು ನಾನೇ ಹುಡುಕುತ್ತೇನೆ. ಸಿಕ್ಕರೆ ಹಾಕಿದವರ ಮೇಜಿಗೆ ಹೋಗಿ, ಪಕ್ಕದಲ್ಲಿ ಕೂತು, ಅವರ ಕೈಯಿಂದಲೇ ಸರಿಪಡಿಸುತ್ತೇನೆ. ಮೊದಲ ತಿಂಗಳು ವಾರಕ್ಕೆ ಇಪ್ಪತ್ತು ಸಿಗುತ್ತಿದ್ದವು. ಈಗ ಒಂದೋ ಎರಡೋ.

ಆವೃತ್ತಿಯ ಜೊತೆಗೆ ಟಿಪ್ಪಣಿ ಬರೆಯುವ ಜಾಗವಿದೆ. ಅದನ್ನು ಖಾಲಿ ಬಿಡಲು ನಾನು ಯಾರನ್ನೂ ಬಿಡುವುದಿಲ್ಲ. 'ತಿದ್ದಿದೆ' ಎಂದರೆ ಸಾಲದು. 'ಗ್ಯಾಸ್ಕೆಟ್ ಗ್ರೂವಿನ ಆಳ 5ರಿಂದ 4ಕ್ಕೆ' ಎಂದು ಬರೆಯಬೇಕು. ಎರಡು ವರ್ಷದ ನಂತರ ಬರುವ ಹೊಸ ಹುಡುಗನಿಗೆ ಬೇಕಾಗುವುದು ಆ ಒಂದು ಸಾಲು.

ಬೀಗದ ವಿಷಯದಲ್ಲಿ ಒಮ್ಮೆ ಸಿಕ್ಕಿಬಿದ್ದೆವು. ಯಾರಾದರೂ ಫೈಲನ್ನು ತಿದ್ದಲು ಇಳಿಸಿಕೊಂಡರೆ ಮೂಲಕ್ಕೆ ಬೀಗ ಬೀಳುತ್ತದೆ, ಬೇರೆಯವರು ತಿದ್ದಲಾಗುವುದಿಲ್ಲ. ವಿನ್ಯಾಸ ವಿಭಾಗದವರೊಬ್ಬರು ಡ್ರಾಯಿಂಗ್ ಇಳಿಸಿಕೊಂಡು, ಬೀಗ ಹಾಗೇ ಬಿಟ್ಟು, ರಾಣೆಬೆನ್ನೂರಿಗೆ ತಂಗಿಯ ಮದುವೆಗೆ ಹೋದರು. ನಾಲ್ಕು ದಿನ ಕೆಲಸ ನಿಂತಿತು. ನಿರ್ವಾಹಕರ ಖಾತೆಯಿಂದ ಬೀಗ ತೆಗೆಯಬಹುದು, ಆದರೆ ಅವರು ತಮ್ಮ ಯಂತ್ರದಲ್ಲಿ ಮಾಡಿದ ತಿದ್ದುಪಡಿ ಹೋಗುತ್ತದೆಯೋ ಎಂಬ ಹೆದರಿಕೆ. ಫೋನಿನಲ್ಲಿ ಕೇಳಿಕೊಂಡೇ ತೆಗೆದೆ. ಅಂದಿನಿಂದ ರಜೆಯ ಅರ್ಜಿಗೆ ಸಹಿ ಹಾಕುವ ಮುನ್ನ ಅವರ ಹೆಸರಿನಲ್ಲಿ ಬೀಗ ಉಳಿದಿದೆಯೇ ಎಂದು ನೋಡುತ್ತೇವೆ.

ಅನುಮತಿಗಳನ್ನು ಆರಂಭದಲ್ಲಿ ನಾನು ವ್ಯಕ್ತಿಗಳ ಹೆಸರಿಗೆ ಕೊಟ್ಟಿದ್ದೆ, ಅದು ನನ್ನ ದೊಡ್ಡ ತಪ್ಪು. ಸ್ಟೋರ್ಸ್‌ನಿಂದ ಖರೀದಿಗೆ ಹೋದವರಿಗೆ ಎರಡೂ ಕಡೆಯ ಅನುಮತಿ ಉಳಿದುಕೊಂಡಿತ್ತು. ಎಲ್ಲೆಲ್ಲಿ ಕೊಟ್ಟಿದ್ದೇನೆ ಎಂದು ನನಗೇ ನೆನಪಿರಲಿಲ್ಲ. ಎಲ್ಲ ಅಳಿಸಿ ಗುಂಪುಗಳಿಗೆ ಕೊಟ್ಟೆ. ಗುಂಪಿಗೆ ಅನುಮತಿ, ಗುಂಪಿನೊಳಗೆ ಮನುಷ್ಯರು. ಯಂತ್ರವಿಭಾಗದವರು ಡ್ರಾಯಿಂಗ್ ಓದಬಹುದು. ವಿನ್ಯಾಸದವರು ಸೇರಿಸಬಹುದು, ತಿದ್ದಬಹುದು, ಆದರೆ ಇನ್ನೊಬ್ಬರದನ್ನು ಅಳಿಸಲಾರರು. ಅನುಮತಿ ಮೇಲಿನ ಫೋಲ್ಡರಿನಿಂದ ಕೆಳಗಿನದಕ್ಕೆ ಹರಿದು ಬರುತ್ತದೆ, ಆ ಹರಿವನ್ನು ಸಿಬ್ಬಂದಿಯ ಸಂಬಳದ ಫೋಲ್ಡರಿನಲ್ಲಿ ಮಾತ್ರ ಕಡಿದಿದ್ದೇನೆ. ಬೇರೆಲ್ಲೂ ಇಲ್ಲ.

ಹಳೆಯ ಡ್ರೈವನ್ನು ಏಪ್ರಿಲ್ 1ಕ್ಕೆ, ಹೊಸ ಲೆಕ್ಕದ ವರ್ಷ ಶುರುವಾಗುವ ದಿನ, ಓದಲು ಮಾತ್ರ ಎಂದು ಮಾಡಿದೆವು. ಚಾಲ್ತಿಯಲ್ಲಿರುವುದನ್ನಷ್ಟೇ ಹೊಸದಕ್ಕೆ ತಂದೆವು. ಉಳಿದದ್ದನ್ನು ಅಳಿಸಲಿಲ್ಲ: ಜಿಎಸ್‌ಟಿ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು, 2013ರ ಕಂಪನಿ ಕಾಯಿದೆಯ ಪ್ರಕಾರ ಲೆಕ್ಕದ ಪುಸ್ತಕಗಳನ್ನು 8 ವರ್ಷ.

ಬ್ಯಾಕಪ್ ಬಗ್ಗೆ ಒಂದು ಎಚ್ಚರಿಕೆ. ಸರ್ವರಿನ ಡಿಸ್ಕನ್ನು ಮೊದಲ ಸಲ ತೆರೆದು ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಫೋಲ್ಡರುಗಳೂ ಇಲ್ಲ, ಹೆಸರುಗಳೂ ಇಲ್ಲ. ವರ್ಷ, ತಿಂಗಳು, ದಿನ, ಗಂಟೆ ಎಂದು ಗೂಡುಗಳು, ಅವುಗಳಲ್ಲಿ ಉದ್ದನೆಯ ಸಂಕೇತಗಳೇ ಹೆಸರಾಗಿ '.bin' ಎಂದು ಮುಗಿಯುವ ಫೈಲುಗಳು. ಹೆಸರು, ಜಾಗ, ವಿವರ, ಅನುಮತಿ ಎಲ್ಲ ಇರುವುದು ಡೇಟಾಬೇಸಿನಲ್ಲಿ. ಎರಡರಲ್ಲಿ ಒಂದನ್ನೇ ನಕಲು ಮಾಡಿಟ್ಟರೆ ಏನೂ ಮಾಡಿಟ್ಟಂತಲ್ಲ. ಮೊದಲು ಡೇಟಾಬೇಸ್, ಆಮೇಲೆ ಫೈಲುಗಳು, ಇದೇ ಕ್ರಮ. ಆಗ ಡೇಟಾಬೇಸ್ ಹೆಸರಿಸುವ ಪ್ರತಿ ಫೈಲೂ ನಕಲಿನಲ್ಲಿ ಇದ್ದೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ಅದನ್ನು ಮರುಸ್ಥಾಪಿಸಿ ನೋಡುತ್ತೇವೆ.

ಇಷ್ಟೆಲ್ಲ ಆದ ಮೇಲೂ ಲೇಥಿನ ಮುಂದೆ ಇರುವುದು ಕಾಗದವೇ. ಎಣ್ಣೆ ಮೆತ್ತಿದ ಕೈಯಲ್ಲಿ ಟ್ಯಾಬ್ಲೆಟ್ ಹಿಡಿಯಲು ಆಗುವುದಿಲ್ಲ, ಕಾಕಾ ಅದನ್ನು ಎರಡೇ ದಿನಕ್ಕೆ ವಾಪಸ್ ಕೊಟ್ಟರು. ಬಳಸುವ ಜಾಗದಲ್ಲಿ, ಬಳಸುವ ಹೊತ್ತಿಗೆ ಸರಿಯಾದ ದಾಖಲೆ ಸಿಗಬೇಕು ಎಂಬುದು ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 9001ರ ಮಾತು. ಆ ಜಾಗ ನನ್ನ ಮೇಜಲ್ಲ, ಅವರ ಯಂತ್ರ. ಆದ್ದರಿಂದ ಪ್ರತಿ ಪ್ರಿಂಟಿನ ಬಲಮೂಲೆಯಲ್ಲಿ ಆವೃತ್ತಿಯ ಸಂಖ್ಯೆ ಮತ್ತು ಪ್ರಿಂಟಿನ ದಿನಾಂಕವನ್ನು ದಪ್ಪಕ್ಷರದಲ್ಲಿ ಹಾಕುತ್ತೇವೆ. ಹಳೆಯ ಕಾಗದ ಮರಳಿಸಿದವರಿಗೆ ಮಾತ್ರ ಹೊಸದು. ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಒಂದು ವಹಿ ಇದೆ, ನನ್ನ ಹಳೆಯ ಆವಕ-ಜಾವಕದಂತೆಯೇ ಗೆರೆ ಎಳೆದದ್ದು.

ಕಳೆದ ವಾರ ಆ ಬಾನೆಟ್ಟಿನ ಡ್ರಾಯಿಂಗ್ ಮತ್ತೊಮ್ಮೆ ಬದಲಾಯಿತು. ಕಾಕಾ ಮಡಚಿ ಮಡಚಿ ಸವೆದ ಹಳೆಯ ಹಾಳೆಯನ್ನು ತಂದು ಮೇಜಿನ ಮೇಲಿಟ್ಟರು. ಹೊಸದನ್ನು ಇಸಿದುಕೊಂಡು, ಅಳತೆಗಳನ್ನು ನೋಡುವ ಮೊದಲು ಬಲಮೂಲೆಗೆ ಹೆಬ್ಬೆರಳು ಇಟ್ಟು ಗಟ್ಟಿಯಾಗಿ ಓದಿದರು: "ನಾಲ್ಕು. ಹೌದಲ್ಲ, ತಂಗೀ?" ಪರದೆ ನೋಡಿ ಹೌದು ಎಂದೆ. ವಹಿಯಲ್ಲಿ ಸಹಿ ಹಾಕಿ ಹೋದರು.