ಜಿಡಿಬಿಗೆ ಚಿತ್ರಾತ್ಮಕ ಮುಖ ಕಟ್ಟಿದ ನನ್ನ ಅನುಭವ

ಎಂಬೆಡೆಡ್ ಬೋರ್ಡ್‌ಗಳಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ನಮ್ಮ ತಂಡಕ್ಕಾಗಿ ಜಿಡಿಬಿ ಎಂಬ ಡಿಬಗರ್‌ನ (ಪ್ರೋಗ್ರಾಂ ಅನ್ನು ನಡುನಡುವೆ ನಿಲ್ಲಿಸಿ ದೋಷ ಹುಡುಕಲು ನೆರವಾಗುವ ತಂತ್ರಾಂಶದ) ಮೇಲೆ ಒಂದು ಚಿತ್ರಾತ್ಮಕ ಇಂಟರ್‌ಫೇಸನ್ನು ನಾನು ಕಟ್ಟಿದೆ. ವಿಂಡೋ, ಬಟನ್‌ಗಳ ಕೆಲಸ ಬೇಗನೆ ಮುಗಿಯಿತು. ಹೆಚ್ಚು ಆಲೋಚನೆ ಬೇಡಿದ್ದು ಪರದೆಗೂ ಡಿಬಗರ್‌ಗೂ ನಡುವಿನ ಸಂವಹನ.

ಹಿಂದೆ ಇಂಥದೇ ಇಂಟರ್‌ಫೇಸ್ ಆದ ಡಿಡಿಡಿ ಎಂಬ ತಂತ್ರಾಂಶವು ಜಿಡಿಬಿ ಮನುಷ್ಯರಿಗಾಗಿ ಮುದ್ರಿಸುವ ಸಾಲುಗಳನ್ನೇ ಓದಿ ಅರ್ಥಮಾಡಿಕೊಳ್ಳುತ್ತಿತ್ತು. ಆ ಸಾಲುಗಳ ಒಕ್ಕಣೆ ತುಸು ಬದಲಾದರೂ ಇಂತಹ ಓದು ಕೆಡುತ್ತದೆ. ಇನ್‌ಸೈಟ್ ಎಂಬ ಇನ್ನೊಂದು ಇಂಟರ್‌ಫೇಸ್ ಜಿಡಿಬಿಯ ಒಳಕ್ಕೇ ಬೆಸೆದುಕೊಂಡಿದ್ದರಿಂದ, ಡಿಬಗರ್‌ನ ಒಳರಚನೆ ಬದಲಾದಾಗ ಅದನ್ನೂ ತಿದ್ದಬೇಕಾಗುತ್ತಿತ್ತು. ಇವೆರಡನ್ನೂ ಬಿಟ್ಟು, ಬೇರೆ ಪ್ರೋಗ್ರಾಂಗಳು ಓದಲೆಂದೇ ಜಿಡಿಬಿ ಒದಗಿಸುವ ಎಂಐ ವಿಧಾನವನ್ನು ಆರಿಸಿಕೊಂಡೆ.

ಎಂಐನಲ್ಲಿ ಪ್ರತಿ ಸಾಲಿನ ಮೊದಲ ಚಿಹ್ನೆಯೇ ಅದರ ಜಾತಿಯನ್ನು ತಿಳಿಸುತ್ತದೆ: ^ ಎಂದರೆ ಆಜ್ಞೆಗೆ ಬಂದ ಉತ್ತರ, * ಎಂದರೆ ಪ್ರೋಗ್ರಾಂ ಓಡಿತು ಅಥವಾ ನಿಂತಿತು ಎಂಬ ಸುದ್ದಿ, = ಎಂದರೆ ಇತರ ಬದಲಾವಣೆಗಳ ಸೂಚನೆ, ~ ಎಂದರೆ ಕನ್ಸೋಲ್‌ಗೆ (ಆಜ್ಞೆಗಳನ್ನು ಟೈಪ್ ಮಾಡುವ ಜಾಗಕ್ಕೆ) ಸೇರಿದ ಪಠ್ಯ. ‘ಮುಂದುವರಿಸು’ ಎಂಬ ಆಜ್ಞೆಗೆ ತಕ್ಷಣ ಬರುವ ಉತ್ತರ ‘ಓಡುತ್ತಿದೆ’ ಎಂದಷ್ಟೇ ಹೇಳುತ್ತದೆ. ನಿಂತ ಸುದ್ದಿ ಮರುಕ್ಷಣವೇ ಬರಬಹುದು, ಗಂಟೆಯ ನಂತರವೂ ಬರಬಹುದು. ಆದ್ದರಿಂದ ಉತ್ತರಕ್ಕಾಗಿ ಕಾದು ಕೂರುವ ಕೋಡನ್ನು ಎಲ್ಲಿಯೂ ಬರೆಯದೆ, ಸಾಲುಗಳನ್ನು ಓದುವುದಕ್ಕೆ ಪ್ರತ್ಯೇಕ ಥ್ರೆಡ್ (ಉಳಿದ ಕೆಲಸದ ಜೊತೆಜೊತೆಗೇ ಓಡುವ ಎಳೆ) ಇಟ್ಟೆ.

ಬಟನ್ ಒತ್ತಿದ ಮಾತ್ರಕ್ಕೆ ಪರದೆ ಬದಲಾಗಬಾರದು, ಡಿಬಗರ್ ಹೇಳಿದ ಮೇಲಷ್ಟೇ ಬದಲಾಗಬೇಕು ಎಂಬುದು ಇಡೀ ವಿನ್ಯಾಸಕ್ಕೆ ನಾನು ಹಾಕಿಕೊಂಡ ನಿಯಮ. ಬಳಕೆದಾರರು 12ನೇ ಸಾಲಿನಲ್ಲಿ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ಅಲ್ಲಿಗೆ ಬಂದಾಗ ನಿಲ್ಲಬೇಕೆಂಬ ಗುರುತು) ಕೇಳುತ್ತಾರೆ ಎನ್ನೋಣ. ಅಲ್ಲಿ ಇರುವುದು ಬರೀ ಕಾಮೆಂಟ್ (ಓದುವವರಿಗಾಗಿ ಬರೆದ ಟಿಪ್ಪಣಿ) ಆದರೆ ಜಿಡಿಬಿ ಅದನ್ನು ಮುಂದಿನ ಕೋಡ್ ಇರುವ ಸಾಲಿಗೆ, ಅಂದರೆ 14ಕ್ಕೆ ಒಯ್ದು, ಉತ್ತರದಲ್ಲಿ 14 ಎಂದೇ ತಿಳಿಸಬಹುದು. ಕ್ಲಿಕ್ಕಿಸಿದೊಡನೆ 12ರ ಪಕ್ಕದಲ್ಲಿ ಕೆಂಪು ಚುಕ್ಕೆ ಇಡುವ ಇಂಟರ್‌ಫೇಸ್ ಬಳಕೆದಾರರಿಗೆ ಸುಳ್ಳು ಹೇಳಿದಂತಾಗುತ್ತದೆ. ನನ್ನದರಲ್ಲಿ ಮೊದಲು ಬೂದು ಬಣ್ಣದ ಚುಕ್ಕೆ ಮೂಡುತ್ತದೆ, ಉತ್ತರ ಬಂದ ಮೇಲೆ ಅದು ಸರಿಯಾದ ಸಾಲಿಗೆ ಸರಿದು ಕೆಂಪಾಗುತ್ತದೆ. ಕನ್ಸೋಲ್‌ನಲ್ಲಿ ಯಾರಾದರೂ ಕೈಯಾರೆ ಬ್ರೇಕ್‌ಪಾಯಿಂಟ್ ಹಾಕಿದರೂ = ಸೂಚನೆಯ ಮೂಲಕ ಅದು ಇದೇ ದಾರಿಯಲ್ಲಿ ಪರದೆಗೆ ಬರುವುದರಿಂದ, ಅದಕ್ಕೆಂದು ಬೇರೆ ಕೋಡ್ ಬೇಕಾಗಲಿಲ್ಲ.

ಪ್ರೋಗ್ರಾಂ ಅನ್ನು ಒಂದೊಂದೇ ಸಾಲು ಓಡಿಸಿ ನಿಲ್ಲಿಸುವ ಸ್ಟೆಪ್ ಕೀಲಿಯನ್ನು ಬಿಡದೆ ಒತ್ತುವವರ ಸಮಸ್ಯೆ ಬೇರೆ. ಹಿಂದಿನ ನಿಲುಗಡೆಯಲ್ಲಿ ಕೇಳಿದ ವೇರಿಯಬಲ್ ಬೆಲೆಗಳು ಹೊಸ ಸಾಲಿನ ಪಕ್ಕದಲ್ಲಿ ಕಾಣಿಸಿಕೊಂಡರೆ ದೋಷ ಹುಡುಕುವವರ ದಾರಿ ತಪ್ಪುತ್ತದೆ. ಪ್ರತಿ ಆಜ್ಞೆಯ ಮುಂದೆ ಒಂದು ಸಂಖ್ಯೆ ಬರೆದರೆ ಜಿಡಿಬಿ ಅದನ್ನು ಉತ್ತರದಲ್ಲಿ ಮರಳಿಸುತ್ತದೆ. ಆ ಸಂಖ್ಯೆಯೊಡನೆ, ಆಜ್ಞೆ ಯಾವ ನಿಲುಗಡೆಗೆ ಸೇರಿದ್ದು ಎಂಬುದನ್ನೂ ನನ್ನ ಕಡೆ ಬರೆದಿಟ್ಟು, ಹಳತಾದ ಉತ್ತರಗಳನ್ನು ಕೈಬಿಟ್ಟೆ. ದೊಡ್ಡ ಅರೇಗಳಲ್ಲಿ (ಒಂದೇ ಬಗೆಯ ಬೆಲೆಗಳ ಸಾಲುಗಳಲ್ಲಿ) ಪರದೆಗೆ ಕಾಣುವ ಅಂಶಗಳನ್ನಷ್ಟೇ ಕೇಳುತ್ತೇನೆ. ಪಠ್ಯದ ವಿಷಯದಲ್ಲೂ ಎಚ್ಚರ ಬೇಕು: ‘ಕ’ ಅಕ್ಷರದ ಮೂರು ಬೈಟ್‌ಗಳು \340\262\225 ಎಂಬ ಅಷ್ಟಮಾನ (ಎಂಟರ ಆಧಾರದ ಸಂಖ್ಯೆಗಳ) ರೂಪದಲ್ಲಿ ಬರಬಹುದಾದ್ದರಿಂದ, ಮೊದಲು ಬೈಟ್‌ಗಳನ್ನು ಜೋಡಿಸಿ ಆಮೇಲಷ್ಟೇ ಯೂನಿಕೋಡ್ ಎಂದು ಓದಬೇಕು.

2023ರಲ್ಲಿ ಬಂದ ಜಿಡಿಬಿ 14ನೇ ಆವೃತ್ತಿಯಲ್ಲಿ ಎಡಿಟರ್‌ಗೂ ಡಿಬಗರ್‌ಗೂ ನಡುವಿನ ಸಂವಹನದ ನಿಯಮಗಳಾದ ಡಿಎಪಿ ಎಂಬ ಪ್ರೋಟೋಕಾಲ್‌ಗೂ ನೇರ ಬೆಂಬಲವಿದೆ. ಹಲವು ಎಡಿಟರ್‌ಗಳಿಗೆ ಒಂದೇ ಭಾಷೆ ಸಿಗುವುದು ದೊಡ್ಡ ಅನುಕೂಲ. ಆದರೆ ಅದರಲ್ಲಿ ಬ್ರೇಕ್‌ಪಾಯಿಂಟ್ ಬದಲಾದಾಗ ಆ ಫೈಲಿನ ಇಡೀ ಪಟ್ಟಿಯನ್ನು ಎಡಿಟರ್ ಮತ್ತೆ ಕಳುಹಿಸುತ್ತದೆ, ಅಂದರೆ ಪಟ್ಟಿಯ ಒಡೆತನ ಪರದೆಯ ಕಡೆಗೆ ವಾಲುತ್ತದೆ. ನಮ್ಮಲ್ಲಿ ಕನ್ಸೋಲ್ ಮತ್ತು ಪರದೆ ಎರಡನ್ನೂ ಒಟ್ಟಿಗೆ ಬಳಸುವವರೇ ಹೆಚ್ಚಾದ್ದರಿಂದ ನಾನು ಎಂಐನಲ್ಲೇ ಉಳಿದಿದ್ದೇನೆ.