8085ಕ್ಕೊಂದು ವಿಎಸ್ ಕೋಡ್ ಪ್ಲಗಿನ್: ನನ್ನ ಅನುಭವ

8085 ಎಂಬ ಹಳೇ ಇಂಟೆಲ್ ಚಿಪ್ಪಿನ ಅಸೆಂಬ್ಲಿ ಭಾಷೆಗೆ (ಚಿಪ್ಪಿನ ಸೂಚನೆಗಳನ್ನೇ ಒಂದೊಂದಾಗಿ ಬರೆಯುವ ಭಾಷೆ) ವಿಎಸ್ ಕೋಡ್ ಎಂಬ ಕೋಡ್ ಎಡಿಟರಿನ ಪ್ಲಗಿನ್ ಬರೀತೀನಿ ಅಂದಾಗ ಸ್ಟಾಫ್ ರೂಮಿನಲ್ಲಿ ನಕ್ಕವರೇ ಹೆಚ್ಚು. "1976ರ ಚಿಪ್ಪಿಗೆ ಈಗ ಬಣ್ಣ ಬಳಿಯೋಕೆ ಹೊರಟಿದೀರಾ ಸರ್? ಹುಡುಗರು ಹೇಗಿದ್ರೂ ಪೇಪರ್ ಮೇಲೆ ಬರೆದು ಕಿಟ್‌ನ ಕೀ ಒತ್ತಲೇಬೇಕಲ್ಲ" ಅಂದರು ಒಬ್ಬ ಸಹೋದ್ಯೋಗಿ. (ಕಿಟ್ ಅಂದರೆ ಈ ಚಿಪ್ಪು, ಕೀಗಳು ಇರುವ ಲ್ಯಾಬಿನ ಬೋರ್ಡ್.) ಹೋದ ಸೆಮಿಸ್ಟರ್‌ನಲ್ಲಿ ಅವರೇ ಪೆನ್‌ಡ್ರೈವ್ ಹಿಡಿದು ಬಂದು ತಮ್ಮ ಬ್ಯಾಚಿಗೂ ಹಾಕಿಸಿಕೊಂಡರು. ಎಕ್ಸ್‌ಟೆನ್ಶನ್ (ಅಂದರೆ ಪ್ಲಗಿನ್) ಶುರು ಮಾಡುವುದು, ಗ್ರಾಮರ್ ಫೈಲ್ (ಯಾವ ಪದಕ್ಕೆ ಯಾವ ಬಣ್ಣ ಎಂಬ ನಿಯಮಗಳ ಫೈಲ್) ಎಲ್ಲಿಡಬೇಕು ಎಂಬುದೆಲ್ಲ ನಿಮಗೆ ಗೊತ್ತಿರುವ ವಿಷಯ, ಬಿಡಿ.

ಮೊದಲು ಹೋದದ್ದು ದುಡ್ಡು. ಬಣ್ಣ ಹಚ್ಚುವ ಗ್ರಾಮರ್ ಬರೆದುಕೊಡಲು ಒಬ್ಬ ಹುಡುಗನಿಗೆ ಐದಾರು ಸಾವಿರ ಕೊಟ್ಟೆ. ಎಕ್ಸ್86 (ಪಿಸಿಗಳ ಪ್ರೊಸೆಸರ್) ಗ್ರಾಮರ್ ತೆಗೆದುಕೊಂಡು ಪದ ಬದಲಾಯಿಸಿ ಕೊಟ್ಟಿದ್ದ. 'ಎಲ್‌ಎಕ್ಸ್‌ಐ ಎಚ್, 2000ಎಚ್' (ರಿಜಿಸ್ಟರ್ ಎಂಬ ಚಿಪ್ಪಿನೊಳಗಿನ ಖಾನೆಗೆ ಸಂಖ್ಯೆ ತುಂಬುವ ಸೂಚನೆ; ಮೊದಲ ಎಚ್ ರಿಜಿಸ್ಟರ್, ಕೊನೆಯದು ಹೆಕ್ಸ್, ಅಂದರೆ ಹದಿನಾರರ ಲೆಕ್ಕದ, ಸಂಖ್ಯೆಯ ಗುರುತು) ಎಂದು ಬರೆದರೆ ಎರಡೂ 'ಎಚ್'ಗೆ ರಿಜಿಸ್ಟರ್ ಬಣ್ಣ. '10ಬಿಎಚ್' ಎಂಬ ಹೆಕ್ಸ್ ಸಂಖ್ಯೆಯಲ್ಲಿ '10ಬಿ'ಯನ್ನು ಬೈನರಿ (ಕೊನೆಗೆ ಬಿ ಇರುವ ಸೊನ್ನೆ-ಒಂದರ ಸಂಖ್ಯೆ) ಎಂದು ನುಂಗಿ, ಉಳಿದ 'ಎಚ್' ಅನ್ನು ಹೊರಗೆ ಉಗುಳುತ್ತಿತ್ತು. ದುಡ್ಡು ವಾಪಸ್ ಕೇಳಲು ಮನಸ್ಸಾಗಲಿಲ್ಲ, ಎಲ್ಲ ಅಳಿಸಿ ನಾನೇ ಕೂತೆ. ಹೆಕ್ಸ್ ನಿಯಮವನ್ನು ಬೈನರಿಗಿಂತ ಮೇಲಿಟ್ಟರೆ ಅರ್ಧ ತಲೆನೋವು ಹೋಗುತ್ತದೆ. ಉಳಿದರ್ಧಕ್ಕೆ, ರಿಜಿಸ್ಟರುಗಳಿಗೆ ಒಂದೇ ನಿಯಮ ಬರೆಯುವುದನ್ನು ಬಿಟ್ಟು, ಸೂಚನೆಯ ಗುಂಪಿಗೊಂದು ನಿಯಮ ಬರೆದೆ. ಎಲ್‌ಎಕ್ಸ್‌ಐ ಮುಂದೆ ಬಿ, ಡಿ, ಎಚ್, ಎಸ್‌ಪಿ ಇದ್ದರೆ ಮಾತ್ರ ಬಣ್ಣ. ಪುಶ್, ಪಾಪ್ ಸೂಚನೆಗಳ ಮುಂದೆ ಬಂದಾಗ ಮಾತ್ರ ಪಿಎಸ್‌ಡಬ್ಲ್ಯೂಗೆ (ಎ ರಿಜಿಸ್ಟರ್ ಮತ್ತು ಫ್ಲ್ಯಾಗ್‌ಗಳ ಜೋಡಿ) ಬಣ್ಣ. ಯಾರಾದರೂ 'ಎಲ್‌ಎಕ್ಸ್‌ಐ ಸಿ' ಎಂದು ಬರೆದರೆ ಆ ಸಿ ಬೋಳಾಗಿ ಉಳಿಯುತ್ತದೆ. ಕೆಂಪು ಗೆರೆ ಎಳೆಯದೆ ತಪ್ಪು ತೋರಿಸುವ ಈ ಉಪಾಯದ ಬಗ್ಗೆ ನನಗೆ ಸ್ವಲ್ಪ ಜಂಬವೇ ಇದೆ.

ಆದರೆ ಬಣ್ಣ ನೋಡಿ ಯಾರೂ ಕ್ಯಾರೇ ಅನ್ನಲಿಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಎಡಗಡೆ ಇರುತ್ತವಲ್ಲ, ಅಡ್ರೆಸ್ (ಮೆಮೊರಿಯ ಜಾಗದ ಸಂಖ್ಯೆ) ಮತ್ತು ಆಪ್‌ಕೋಡ್ (ಸೂಚನೆಯ ಸಂಖ್ಯಾರೂಪ) ಕಾಲಂ, ಹುಡುಗರಿಗೆ ಬೇಕಿದ್ದದ್ದು ಅವೆರಡು. ಕಿಟ್‌ಗೆ ಒತ್ತುವುದು ಅದನ್ನೇ. ಅದನ್ನು ಎಡಿಟರಿನಲ್ಲೇ, ಟೈಪ್ ಮಾಡುತ್ತಿದ್ದಂತೆ ತೋರಿಸಿದರೆ?

ಮೊದಲು ಕೋಡ್‌ಲೆನ್ಸ್‌ನಲ್ಲಿ ತೋರಿಸಿದೆ. ಪ್ರತಿ ಸಾಲಿನ ತಲೆಯ ಮೇಲೆ ಇನ್ನೊಂದು ಸಾಲು ಕೂತು ಪ್ರೋಗ್ರಾಂ ಎರಡು ಪಟ್ಟು ಉದ್ದವಾಯಿತು. ಹೋವರ್‌ಗೆ (ಮೌಸ್ ಇಟ್ಟಾಗ ಕಾಣುವ ಪೆಟ್ಟಿಗೆ) ಹಾಕಿದೆ. ಇಲಿ ಹಿಡಿದು ಸಾಲು ಸಾಲಿನ ಮೇಲೆ ಓಡಾಡುವ ತಾಳ್ಮೆ ಯಾರಿಗಿದೆ! ಇನ್‌ಲೇ ಹಿಂಟ್ (ಸಾಲಿನೊಳಗೇ ಕಾಣುವ ಸುಳಿವು) ಚೆನ್ನಾಗಿತ್ತು, ಆದರೆ ಒಂದು ಬೈಟಿನ ಸೂಚನೆಗೂ ಮೂರು ಬೈಟಿನದಕ್ಕೂ ಅಗಲ ಬೇರೆಯಾಗಿ ಕೋಡ್ ಹಾವಿನಂತೆ ಅಂಕುಡೊಂಕಾಯಿತು. ಕೊನೆಗೆ ನಿಂತದ್ದು ಡೆಕೊರೇಶನ್. ಸಾಲಿನ ಮುಂದೆ ನಿಗದಿತ ಅಗಲದ ಪಟ್ಟಿ, ಅದರಲ್ಲಿ '8000  21 50 20', ಅಂದರೆ ಅಡ್ರೆಸ್, ಆಮೇಲೆ ಸೂಚನೆಯ ಮೂರು ಬೈಟ್, ಅದರ ಕೆಳಗಿನ ಸಾಲಿಗೆ '8003'. ಖಾಲಿ ಸಾಲಿಗೂ ಖಾಲಿ ಪಟ್ಟಿ ಹಾಕಲೇಬೇಕು, ಇಲ್ಲದಿದ್ದರೆ ಕರ್ಸರ್ ಎಡಕ್ಕೆ ಜಿಗಿಯುತ್ತದೆ.

8085ರಲ್ಲಿ ಇದು ಸಾಧ್ಯವಾದದ್ದಕ್ಕೆ ಕಾರಣ, ಆಪ್‌ಕೋಡ್ ನೋಡಿದ ಕೂಡಲೇ ಸೂಚನೆಯ ಉದ್ದ ಒಂದೋ, ಎರಡೋ, ಮೂರೋ ಎಂದು ಗೊತ್ತಾಗುತ್ತದೆ. ಹಾರುವ ದೂರ ನೋಡಿ ಉದ್ದ ಬದಲಾಗುವ ಶಾರ್ಟ್ ಜಂಪ್ ಎಂಬ ರಗಳೆಯೇ ಇಲ್ಲ. ಮುಂದೆಲ್ಲೋ ಬರುವ ಲೇಬಲ್‌ಗೆ (ಸಾಲಿಗೆ ಇಟ್ಟ ಹೆಸರು) ಹಾರಿದರೂ ಅಡ್ರೆಸ್ ಅಲುಗಾಡುವುದಿಲ್ಲ. ಶುರುವಿನ ಅಡ್ರೆಸ್ ಮಾತ್ರ ಒಂದು ಕಿಟ್‌ನಲ್ಲಿ 2000, ಇನ್ನೊಂದರಲ್ಲಿ 8000 ಇರುತ್ತದೆ. ಆರ್ಗ್ (ಶುರುವಿನ ಅಡ್ರೆಸ್ ಹೇಳುವ ಸಾಲು) ಬರೆಯದಿದ್ದರೆ ಪ್ಲಗಿನ್ ಅದನ್ನು ಸೆಟ್ಟಿಂಗ್‌ನಿಂದ ತೆಗೆದುಕೊಳ್ಳುತ್ತದೆ. ಒಂದು ಅಕ್ಷರ ಒತ್ತಿದಾಗ ಇಡೀ ಫೈಲ್ ಮತ್ತೆ ಲೆಕ್ಕ ಹಾಕದಂತೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಟಿ-ಸ್ಟೇಟ್ (ಚಿಪ್ಪಿನ ಗಡಿಯಾರದ ಒಂದು ಮಿಡಿತ) ಎಣಿಕೆ ಆಮೇಲೆ ಸೇರಿದ್ದು. ಎಲ್ಲರೂ ಬರೆಯುವ ಡಿಲೇ ಲೂಪ್ (ಸುಮ್ಮನೆ ಸುತ್ತಿ ಸಮಯ ಕಳೆಯುವ ಕೋಡ್) ತೆಗೆದುಕೊಳ್ಳಿ: ಡಿಸಿಎಕ್ಸ್ ಬಿ (ಬಿ-ಸಿ ಜೋಡಿಯಿಂದ ಒಂದು ಕಳೆ), ಮೂವ್ ಎ,ಸಿ, ಓಆರ್‌ಎ ಬಿ (ಇವೆರಡೂ ಸೇರಿ ಆ ಜೋಡಿ ಸೊನ್ನೆಯಾಯಿತೇ ನೋಡುತ್ತವೆ), ಜೆಎನ್‌ಝಡ್ (ಸೊನ್ನೆಯಲ್ಲದಿದ್ದರೆ ಮತ್ತೆ ಹಾರು). ಆರು, ನಾಲ್ಕು, ನಾಲ್ಕು, ಹತ್ತು, ಒಟ್ಟು ಸುತ್ತಿಗೆ 24. ಪೂರ್ತಿ 65535 ಸುತ್ತು ಹೊಡೆಸಿದರೆ, 6.144 ಮೆಗಾಹರ್ಟ್ಸ್ ಕ್ರಿಸ್ಟಲ್ ಇರುವ ಕಿಟ್‌ನಲ್ಲಿ (ಚಿಪ್ಪು ಓಡುವುದು ಅದರ ಅರ್ಧ ವೇಗದಲ್ಲಿ) ಹೆಚ್ಚುಕಡಿಮೆ ಅರ್ಧ ಸೆಕೆಂಡು. ಲೂಪ್ ಸೆಲೆಕ್ಟ್ ಮಾಡಿದರೆ ಈಗ ಕೆಳಗಿನ ಪಟ್ಟಿಯಲ್ಲಿ ಇದು ಬರುತ್ತದೆ. ಮೂವ್, ಓಆರ್‌ಎ ಎರಡನ್ನೂ ಮರೆತು ಡಿಸಿಎಕ್ಸ್ ಆದ ಮೇಲೆ ನೇರ ಜೆಎನ್‌ಝಡ್ ಬರೆಯುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಡಿಸಿಎಕ್ಸ್ ಜೀರೋ ಫ್ಲ್ಯಾಗ್ (ಉತ್ತರ ಸೊನ್ನೆ ಎಂಬ ಗುರುತು) ಮುಟ್ಟುವುದಿಲ್ಲ, ಕಿಟ್ ಸುಮ್ಮನೆ ಸುತ್ತುತ್ತಾ ಕೂರುತ್ತದೆ. ಅದಕ್ಕೊಂದು ಎಚ್ಚರಿಕೆ ಹಾಕಿದ್ದೇನೆ. ಪ್ಲಗಿನ್‌ನಲ್ಲಿ ಅತಿ ಹೆಚ್ಚು ಸಲ ಕಾಣಿಸಿಕೊಳ್ಳುವುದು ಅದೇ.

ಈ ಹುಚ್ಚಿನಲ್ಲೇ ಇಂಟೆಲ್ ಕೈಪಿಡಿಯಲ್ಲಿ ಇಲ್ಲದ ಆಪ್‌ಕೋಡ್‌ಗಳ ಹಿಂದೆ ಬಿದ್ದೆ. 256ರಲ್ಲಿ 246 ಅಧಿಕೃತ, ಉಳಿದ ಹತ್ತೂ ಕೆಲಸ ಮಾಡುತ್ತವೆ. 08 ಒತ್ತಿದರೆ ಎಚ್-ಎಲ್ ಜೋಡಿಯಿಂದ ಬಿ-ಸಿ ಜೋಡಿಯನ್ನು ಕಳೆಯುತ್ತದೆ. 'ಡಿಡಿ' ಇನ್ನೂ ಮಜಾ: ಡಿಸಿಎಕ್ಸ್ 0000 ದಾಟಿ ಕೆಳಗಿಳಿದಾಗ ಏಳುವ ಗುಪ್ತ ಫ್ಲ್ಯಾಗ್ ನೋಡಿ, ಅದು ಏಳದಿದ್ದರೆ ಹಾರುತ್ತದೆ. ಮೇಲಿನ ಲೂಪಿನಲ್ಲಿ ಎರಡು ಸೂಚನೆ ಉಳಿತಾಯ, ಒಂದು ಸುತ್ತು ಮಾತ್ರ ಜಾಸ್ತಿ. ಪ್ಲಗಿನ್‌ನಲ್ಲಿ ಇವು ಇವೆ, ಆದರೆ ಸ್ವಿಚ್ ಆಫ್ ಮಾಡಿಟ್ಟಿದ್ದೇನೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಯಾರಾದರೂ ಬರೆದರೆ ಹೊರಗಿನಿಂದ ಬಂದ ಪರೀಕ್ಷಕರಿಗೆ ನಾನೇ ಉತ್ತರ ಹೇಳಬೇಕಾಗುತ್ತದೆ.

ಪ್ರಯೋಗಕ್ಕೆ ಕಾಲೇಜಿನ ಕಿಟ್ ಮನೆಗೆ ಕೊಡುವುದಿಲ್ಲವಲ್ಲ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಹಳೇ ಕಿಟ್ ಒಂದು ಸಾವಿರದ ಐನೂರರ ಸುಮಾರಿಗೆ ಸಿಕ್ಕಿತು. ಯುಎಸ್‌ಬಿ ಟು ಸೀರಿಯಲ್ ಕೇಬಲ್ ಅಗ್ಗದ್ದು ತಂದರೆ ಡ್ರೈವರ್ ಕೂರಲಿಲ್ಲ. ಇನ್ನೊಂದು, ಮತ್ತೊಂದು ಎಂದು ಕೇಬಲ್ಲಿಗೇ ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಲೆಕ್ಕ ಕೇಳಿದಾಗ ಕಿಟ್‌ನದ್ದು ಮಾತ್ರ ಹೇಳಿದೆ. ಕೇಬಲ್ ಕೂತ ಮೇಲೂ ಹೆಕ್ಸ್ ಫೈಲ್ (ಪ್ರೋಗ್ರಾಮಿನ ಬೈಟ್‌ಗಳ ಪಟ್ಟಿ) ಕಳಿಸಿದರೆ ಹತ್ತು ಸಾಲಿನಲ್ಲಿ ಮೂರು ಚೆಕ್‌ಸಮ್ (ಸಾಲು ಸರಿಯಾಗಿ ಬಂತೇ ಎಂದು ನೋಡುವ ಮೊತ್ತ) ತಪ್ಪುತ್ತಿತ್ತು. ಕಿಟ್‌ನೊಳಗೇ ಇರುವ ಹಳೇ ಮಾನಿಟರ್ ಪ್ರೋಗ್ರಾಂ ಒಂದು ಸಾಲನ್ನು ಅರಗಿಸಿಕೊಳ್ಳುವ ಮೊದಲೇ ಮುಂದಿನದು ಬಂದು ಬೀಳುತ್ತಿತ್ತು. ಸಾಲಿನ ನಡುವೆ ವಿರಾಮ ಕೊಟ್ಟೆ, ಸರಿಹೋಯಿತು. ಎಷ್ಟು ಮಿಲಿಸೆಕೆಂಡು ಎಂಬುದು ನಿಮ್ಮ ಕಿಟ್ ಹಿಡಿದು ನೀವೇ ಕಂಡುಕೊಳ್ಳಿ, ನನ್ನದು ನನ್ನ ಹತ್ತಿರ ಇರಲಿ.

ಕನ್ನಡದಲ್ಲಿ ಲೇಬಲ್ ಬರೆಯುವ ಆಸೆಯೂ ಹುಟ್ಟಿತು. 'ಸುತ್ತು', 'ಕೂಡು' ಎಂದೆಲ್ಲ. ಬಣ್ಣ ಸರಿಯಾಗಿ ಬಂತು, ಅಡ್ರೆಸ್ ಮಾತ್ರ ಬರಲಿಲ್ಲ. ಬಣ್ಣದ ರೆಜೆಕ್ಸ್ (ಪದಗಳ ಮಾದರಿ ಹುಡುಕುವ) ಎಂಜಿನ್ ಕನ್ನಡವನ್ನು ಅಕ್ಷರ ಎಂದು ಒಪ್ಪುತ್ತದೆ, ಅಡ್ರೆಸ್ ಲೆಕ್ಕ ಹಾಕುವ ಜಾವಾಸ್ಕ್ರಿಪ್ಟಿನ ಮಾಮೂಲಿ ವರ್ಡ್ ಕ್ಲಾಸ್ (ಯಾವುದು ಅಕ್ಷರ ಎಂಬ ಪಟ್ಟಿ) ಒಪ್ಪುವುದಿಲ್ಲ. ಯೂನಿಕೋಡ್ ಫ್ಲ್ಯಾಗ್ ಹಾಕಿ ಅಕ್ಷರದ ಜೊತೆಗೆ ಒತ್ತು, ಕಾಗುಣಿತ ಚಿಹ್ನೆಗಳನ್ನೂ ಸೇರಿಸಿದೆ. ಆಮೇಲೆ 'ಲೂಪ್' ಕೈಕೊಟ್ಟಿತು. ಒಂದು ಕಡೆ ಕೊನೆಯಲ್ಲಿ ಕಣ್ಣಿಗೆ ಕಾಣದ ನಾನ್ ಜಾಯಿನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಚಿಹ್ನೆ) ಇತ್ತು, ಇನ್ನೊಂದು ಕಡೆ ಇರಲಿಲ್ಲ. ನೋಡಲು ಒಂದೇ, ಪ್ಲಗಿನ್ ಮಾತ್ರ 'ಲೇಬಲ್ ಸಿಗಲಿಲ್ಲ' ಅನ್ನುತ್ತದೆ. ಒಂದಿಡೀ ಭಾನುವಾರ ತಿಂದಿತು ಅದು. ಈಗ ಲೇಬಲ್‌ಗಳ ಟೇಬಲ್ಲಿಗೆ ಸೇರಿಸುವ ಮೊದಲೇ ಆ ಚಿಹ್ನೆಯನ್ನು ಕಿತ್ತು ಹಾಕುತ್ತೇನೆ. ಆದರೂ ಕನ್ನಡ ಅಕ್ಷರಗಳ ಅಗಲ ಒಂದೇ ಸಮ ಇಲ್ಲದ್ದರಿಂದ ಕಾಮೆಂಟ್ ಕಾಲಂ ನೆಟ್ಟಗೆ ನಿಲ್ಲುವುದಿಲ್ಲ. ಅದಕ್ಕೆ ನನ್ನ ಬಳಿ ಮದ್ದಿಲ್ಲ.

ಲ್ಯಾಬಿನ ಅರ್ಧ ಕಂಪ್ಯೂಟರ್ ಇನ್ನೂ ವಿಂಡೋಸ್ 7. ಅದರಲ್ಲಿ ಓಡುವ ಕೊನೆಯ ವಿಎಸ್ ಕೋಡ್ 1.70, ಹಾಗಾಗಿ ಪ್ಲಗಿನ್ ಕೇಳುವ ಎಂಜಿನ್ (ಅಂದರೆ ವಿಎಸ್ ಕೋಡ್) ಆವೃತ್ತಿಯನ್ನು ಅದರ ಮೇಲೆ ಏರಿಸಿಲ್ಲ. ಟೈಪ್ ಪ್ಯಾಕೇಜನ್ನೂ (ವಿಎಸ್ ಕೋಡಿನ ಫಂಕ್ಷನ್‌ಗಳ ವಿವರ) ಅಷ್ಟಕ್ಕೇ ಕಟ್ಟಿಹಾಕಿ, ಇಲ್ಲವಾದರೆ ಪ್ಯಾಕ್ ಮಾಡುವಾಗಲೇ ತಕರಾರು ತೆಗೆಯುತ್ತದೆ.

ಅವತ್ತು ನಕ್ಕ ಸಹೋದ್ಯೋಗಿ ಈಗ 8051 ಎಂಬ ಇನ್ನೊಂದು ಚಿಪ್ಪಿಗೂ ಮಾಡಿಕೊಡಿ ಅನ್ನುತ್ತಿದ್ದಾರೆ. ಅಲ್ಲಿ ಎಸ್‌ಜಂಪ್, ಎಜಂಪ್, ಎಲ್‌ಜಂಪ್ ಎಂದು ಹಾರುವ ಸೂಚನೆಗಳೇ ಮೂರು ಬಗೆ ಇವೆ, ಎಜಂಪ್ 2ಕೆ ಬ್ಲಾಕ್ ದಾಟುವುದಿಲ್ಲ, ಬಿಟ್ ಅಡ್ರೆಸ್ ಬೇರೆ. ಬೇಸಿಗೆ ರಜೆಗೆ ಮೊದಲು ಆಗಲ್ಲ, ಈ ಸಲ ಕೇಬಲ್ ಖರ್ಚು ನಿಮ್ಮದು ಅಂದಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.