ಯಾವ ಕೊರತೆ ನಡೆಯುತ್ತದೆ? ಮನೆಗೆ ಟಿವಿ ಆರಿಸಿದ ನನ್ನ ಅನುಭವ

ಮಧ್ಯಮ ಬೆಲೆಯಲ್ಲಿ ಎಲ್ಲವೂ ಸರಿಯಿರುವ ಟಿವಿ ಸಿಗುವುದಿಲ್ಲ. ಕಪ್ಪು ಚೆನ್ನಾಗಿದ್ದರೆ ಪಕ್ಕದಿಂದ ನೋಡುವವರಿಗೆ ಬಣ್ಣ ಪೇಲವ. ಪಕ್ಕದಿಂದ ಚೆನ್ನಾಗಿ ಕಂಡರೆ ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಬೂದುಬಣ್ಣಕ್ಕೆ ತಿರುಗಿರುತ್ತದೆ. ಎರಡೂ ನಡೆಯುತ್ತದೆ ಅಂದುಕೊಂಡರೆ ಗೇಮ್ ಆಡುವವರಿಗೆ ಬೇಕಾದ ವೇಗ ಇರುವುದಿಲ್ಲ. ಹಾಗಾಗಿ ಯಾವುದು ಒಳ್ಳೆಯ ಟಿವಿ ಅನ್ನುವ ಪ್ರಶ್ನೆಯನ್ನು ನಾನು ಮೊದಲೇ ಕೈಬಿಟ್ಟೆ. ಯಾವ ಕೊರತೆ ಇದ್ದರೂ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಅದನ್ನು ಹುಡುಕಿದೆ.

ನಮ್ಮ ಮನೆಯ ಲೆಕ್ಕ ಸರಳ. ಹಗಲಲ್ಲಿ ಸುದ್ದಿ, ಪಂದ್ಯ. ರಾತ್ರಿ ದೀಪ ಕಡಿಮೆ ಮಾಡಿ ಸಿನಿಮಾ. ರಜೆ ಬಂತೆಂದರೆ ನಾನೂ ಮಗನೂ ಪ್ಲೇಸ್ಟೇಷನ್ 5 ಗೇಮ್ ಕನ್ಸೋಲ್‌ನ ಮುಂದೆ. ಕೂರುವ ಜಾಗ ಒಂದೇ, ಟಿವಿಯ ನೇರ ಎದುರಿನ ಸೋಫಾ. ಪಕ್ಕದಲ್ಲಿ ಒಂದು ಕುರ್ಚಿ ಇದೆ, ಅದರಲ್ಲಿ ಕೂರುವವರು ಹೇಗೂ ಫೋನ್ ನೋಡುತ್ತಿರುತ್ತಾರೆ.

ಗಾತ್ರ ನಿರ್ಧರಿಸಲು ಅಳತೆಪಟ್ಟಿ ಹಿಡಿದೆ. ಸೋಫಾದಲ್ಲಿ ಕೂತಾಗ ಕಣ್ಣಿನಿಂದ ಗೋಡೆಗೆ ಸುಮಾರು 2.4 ಮೀಟರ್. ಪರದೆ ಕಣ್ಣಿಗೆ 30 ಡಿಗ್ರಿಯಷ್ಟು ಅಗಲವಾಗಿ ಕಾಣಬೇಕೆಂದರೆ ದೂರವನ್ನು 1.6ರಿಂದ ಭಾಗಿಸಬೇಕು, ಬರುವ ಉತ್ತರವೇ ಪರದೆಯ ಕರ್ಣ. ಸಿನಿಮಾ ಮಂದಿರದ ಹಾಗೆ 40 ಡಿಗ್ರಿ ಬೇಕಿದ್ದರೆ 1.2ರಿಂದ. ನಮ್ಮ ಗೋಡೆಗೆ ಮೊದಲ ಲೆಕ್ಕದಲ್ಲಿ 59 ಇಂಚು ಬಂತು, ಎರಡನೆಯದರಲ್ಲಿ 79. ಅಂದರೆ 55 ತುಸು ಕಡಿಮೆಯಾಯಿತು, 65 ಸರಿಹೊಂದುತ್ತದೆ. ಹಳೆಯ ಪೇಪರ್‌ಗಳನ್ನು ಅಂಟಿಸಿ 122 ಸೆಂಟಿಮೀಟರ್ ಅಗಲ, 68 ಎತ್ತರದ ಆಯತ ಮಾಡಿ ಗೋಡೆಗೆ ಟೇಪ್ ಹಾಕಿದೆ, ಅದು 55 ಇಂಚಿನ ಅಳತೆ. ಕೆಲವು ದಿನ ಅದನ್ನು ನೋಡಿಕೊಂಡೇ ಓಡಾಡಿದೆವು. 65 ಇಂಚಿನ ಪರದೆಯ ವಿಸ್ತೀರ್ಣ ಇದಕ್ಕಿಂತ ಸುಮಾರು ಶೇ 40ರಷ್ಟು ಹೆಚ್ಚು, ಆಸೆ ಆಗದೆ ಇರುತ್ತದೆಯೇ! ಆದರೆ ನಮ್ಮ ಕೈಯಲ್ಲಿದ್ದ ದುಡ್ಡಿಗೆ ಸಿಗುತ್ತಿದ್ದದ್ದು ಒಂದೋ ಸಾಧಾರಣ ಪ್ಯಾನೆಲ್‌ನ (ಚಿತ್ರ ಮೂಡುವ ಪರದೆಯ ಫಲಕ) 65, ಇಲ್ಲವೇ ಒಳ್ಳೆಯ ಪ್ಯಾನೆಲ್‌ನ 55. ನಾನು ಸಣ್ಣದಕ್ಕೆ ಒಪ್ಪಿದೆ. ಗೇಮ್ ಆಡುವಾಗ ಮುಂದೆ ಸರಿದು ಕೂತರೆ ಪರದೆ ದೊಡ್ಡದಾಗುತ್ತದೆ. ಎಷ್ಟು ಹತ್ತಿರ ಹೋದರೂ ಮಂಕು ಪ್ಯಾನೆಲ್ ಮಂಕೇ.

ಪ್ಯಾನೆಲ್ ಎಂದಕೂಡಲೇ ಪೆಟ್ಟಿಗೆಯ ಮೇಲೆ ಬರೆದದ್ದನ್ನು ನೋಡಬೇಡಿ. ಕ್ಯೂಎಲ್ಇಡಿ ಅನ್ನುವುದು ಪ್ಯಾನೆಲ್‌ನ ಜಾತಿಯಲ್ಲ, ಮಾಮೂಲಿ ಎಲ್‌ಸಿಡಿಯ ಹಿಂದಿನ ಬೆಳಕಿಗೆ ಕ್ವಾಂಟಮ್ ಡಾಟ್ ಪದರ ಸೇರಿಸಿ ಬಣ್ಣ ಹೆಚ್ಚಿಸಿರುತ್ತಾರೆ, ಅಷ್ಟೆ. ಅದರ ಒಳಗಿರುವುದು ಎಲ್‌ಸಿಡಿಯ ಎರಡು ಜಾತಿಗಳಲ್ಲಿ ಯಾವುದು, ವಿಎ ಪ್ಯಾನೆಲ್ಲೋ ಐಪಿಎಸ್ಸೋ ಅನ್ನುವುದೇ ಮುಖ್ಯ. ಐಪಿಎಸ್‌ನಲ್ಲಿ ಬಿಳುಪಿಗೂ ಕಪ್ಪಿಗೂ ಇರುವ ಅಂತರ ಸಾಮಾನ್ಯವಾಗಿ 1000ಕ್ಕೆ 1ರ ಆಸುಪಾಸು. ವಿಎಯಲ್ಲಿ 3000ದಿಂದ ಮೇಲೆ, ಕೆಲವದರಲ್ಲಿ 5000 ದಾಟುತ್ತದೆ, ಹಾಗಾಗಿ ಕಪ್ಪು ಹೆಚ್ಚು ಗಾಢ. ಐಪಿಎಸ್‌ನ ಬಲ ಏನೆಂದರೆ ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ಕೋಣೆಯ ಮೂರೂ ಕಡೆ ಜನ ಕೂರುವ ಮನೆಗೆ ಅದೇ ಸರಿ. ನಮ್ಮಲ್ಲಿ ಪಕ್ಕದ ಕುರ್ಚಿಯ ಕಥೆ ಆಗಲೇ ಹೇಳಿದೆನಲ್ಲ, ಹಾಗಾಗಿ ವಿಎ.

ಇದನ್ನು ಅಂಗಡಿಯಲ್ಲಿ ಪತ್ತೆ ಹಚ್ಚುವುದು ಹೇಗೆ? ವಿವರದ ಹಾಳೆಯಲ್ಲಿ ಬಹಳ ಸಲ ಇರುವುದೇ ಇಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಒಂದೇ ಸರಣಿಯಲ್ಲಿ 50 ಇಂಚಿನದಕ್ಕೆ ಒಂದು ಜಾತಿಯ ಪ್ಯಾನೆಲ್, 55ಕ್ಕೆ ಇನ್ನೊಂದು ಇರುವುದುಂಟು. 43 ಇಂಚಿನದಕ್ಕೆ ವೇಗವೂ ಅರ್ಧ ಇರಬಹುದು. ಹಾಗಾಗಿ ಯಾರದ್ದೋ ವಿಮರ್ಶೆ ಓದುವಾಗ ಅವರು ಪರೀಕ್ಷಿಸಿದ ಗಾತ್ರ ಯಾವುದು ಅಂತ ಮೊದಲು ನೋಡುತ್ತಿದ್ದೆ. ಅಂಗಡಿಯಲ್ಲಿ ನಾನು ಮಾಡಿದ್ದು ಇಷ್ಟು: ಪರದೆ ಪೂರ್ತಿ ಬಿಳಿ ಇರುವಾಗ ಫೋನ್ ಕ್ಯಾಮೆರಾವನ್ನು ಮ್ಯಾಕ್ರೋ ಮೋಡ್‌ಗೆ ಹಾಕಿ ಹತ್ತಿರಕ್ಕೆ ಒಯ್ದೆ. ಕೆಂಪು, ಹಸಿರು, ನೀಲಿ ಚುಕ್ಕೆಗಳು ಬಾಣದ ಮೊನೆಯ ಹಾಗೆ ಮಧ್ಯೆ ಬಾಗಿದ್ದರೆ ಐಪಿಎಸ್ ಇರುವ ಸಂಭವ ಹೆಚ್ಚು, ನೆಟ್ಟಗೆ ನಿಂತ ಪಟ್ಟಿಗಳ ಹಾಗಿದ್ದರೆ ವಿಎ. ಅದು ಸ್ಪಷ್ಟವಾಗದಿದ್ದರೆ ಪಕ್ಕಕ್ಕೆ ನಡೆದು ನೋಡಿ. ಮುಖದ ಬಣ್ಣ ಸುಣ್ಣ ಬಳಿದಂತಾದರೆ ವಿಎ ಅನ್ನುವುದರಲ್ಲಿ ಅನುಮಾನ ಬೇಡ.

ಓಎಲ್ಇಡಿ ಬಗ್ಗೆ ಅಳೆದೂ ಸುರಿದೂ ನೋಡಿದೆ. ಪ್ರತಿ ಚುಕ್ಕೆಗೂ ತನ್ನದೇ ಬೆಳಕು, ಬೇಡವಾದಾಗ ಪೂರ್ತಿ ಆರುತ್ತದೆ, ಆ ಕಪ್ಪಿಗೆ ಎಲ್‌ಸಿಡಿ ಸಾಟಿಯಲ್ಲ. ಆದರೆ ಬಜೆಟ್ ದಾಟುತ್ತಿತ್ತು. ಅದೂ ಅಲ್ಲದೆ ನಮ್ಮ ಕಿಟಕಿ ದೊಡ್ಡದು, ಹಗಲಿನ ನೋಟ ಜಾಸ್ತಿ, ಅಷ್ಟು ಬೆಳಕಿಗೆ ಅದರ ಹೊಳಪು ಸಾಲದು ಅನ್ನಿಸಿತು. ಸುದ್ದಿ ವಾಹಿನಿಯ ಪಟ್ಟಿ, ಗೇಮ್‌ನ ಮೂಲೆಯ ನಕಾಶೆ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ನಿಂತಿದ್ದರೆ ವರ್ಷಗಳು ಕಳೆದಂತೆ ಅಚ್ಚು ಉಳಿಯುವ ಸಾಧ್ಯತೆಯೂ ಇದೆ. ಬಿಟ್ಟೆ. ಅದರ ಬದಲು ಲೋಕಲ್ ಡಿಮ್ಮಿಂಗ್ ಇರುವ ಮಿನಿ ಎಲ್ಇಡಿ ನೋಡಿದೆ. ಪರದೆಯ ಹಿಂದೆ ಸಣ್ಣ ಸಣ್ಣ ದೀಪಗಳು ಗುಂಪು ಗುಂಪಾಗಿ ಹೊತ್ತಿ ಆರುತ್ತವೆ. ಗುಂಪುಗಳು ಹೆಚ್ಚಿದ್ದಷ್ಟೂ ಒಳ್ಳೆಯದು. ದೀಪಗಳನ್ನು ಅಂಚಿನಲ್ಲಷ್ಟೇ ಇಟ್ಟು ನಾಲ್ಕಾರು ಕಂಬಗಳನ್ನು ಆರಿಸಿ ಹೊತ್ತಿಸುವುದಕ್ಕೂ ಲೋಕಲ್ ಡಿಮ್ಮಿಂಗ್ ಅಂತಲೇ ಬರೆಯುತ್ತಾರೆ, ಜೋಕೆ. ಕಪ್ಪು ಹಿನ್ನೆಲೆಯಲ್ಲಿ ಒಂದು ಬಿಳಿ ಚುಕ್ಕೆ ನಿಧಾನಕ್ಕೆ ಓಡುವ ವೀಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದಿದ್ದೆ. ಒಂದು ಟಿವಿಯಲ್ಲಿ ಚುಕ್ಕೆಯ ಜೊತೆ ಮೇಲಿಂದ ಕೆಳಗಿನವರೆಗೆ ಬೆಳಕಿನ ಒಂದು ಇಡೀ ಕಂಬವೇ ಪಕ್ಕಕ್ಕೆ ನಡೆದುಹೋಯಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಗೇಮ್ ಆಡುವವರಿಗೆ ಒಂದೇ ಒಂದು ಸಂಗತಿ ಗಟ್ಟಿ ಮಾಡಿಕೊಳ್ಳಲು ಆಗುವುದಾದರೆ ಅದು ಪ್ಯಾನೆಲ್‌ನ ನಿಜವಾದ ರಿಫ್ರೆಶ್ ರೇಟ್, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು. ಅದನ್ನು ಹರ್ಟ್ಜ್‌ನಲ್ಲಿ ಹೇಳುತ್ತಾರೆ. ಪರದೆ ಸೆಕೆಂಡಿಗೆ 60 ಸಲ ಬದಲಾದರೆ ಒಂದು ಚಿತ್ರ 16.7 ಮಿಲಿಸೆಕೆಂಡ್ ನಿಲ್ಲುತ್ತದೆ, 120 ಸಲ ಆದರೆ 8.3. ಸಿನಿಮಾಕ್ಕೂ ಇದರ ಲಾಭ ಇದೆ. ಸಿನಿಮಾ ಸೆಕೆಂಡಿಗೆ 24 ಚಿತ್ರ. 120ನ್ನು 24ರಿಂದ ಭಾಗಿಸಿದರೆ ಸರಿಯಾಗಿ 5, ಪ್ರತಿ ಚಿತ್ರವೂ ಒಂದೇ ಸಮನೆ ನಿಲ್ಲುತ್ತದೆ. 60ನ್ನು ಭಾಗಿಸಿದರೆ ಎರಡೂವರೆ. ಆಗ ಒಂದು ಚಿತ್ರ ಮೂರು ಸಲ, ಮುಂದಿನದು ಎರಡು ಸಲ ಅಂತ ತೋರಿಸುತ್ತಾರೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಚಿತ್ರ ಕುಂಟುವುದು ಇದರಿಂದಲೇ.

ಅಂಗಡಿಯ ಹುಡುಗ ನನ್ನನ್ನು ಬಿಟ್ಟು ನನ್ನ ಮಗನಿಗೆ ವಿವರಿಸುತ್ತಿದ್ದ. “ಇದೂ 120 ಹರ್ಟ್ಜ್‌ದೇ” ಅಂದ. “4ಕೆಯಲ್ಲೋ, 1080ರಲ್ಲೋ?” ಅಂತ ಕೇಳಿದೆ. ಆಮೇಲೆ ನನ್ನ ಕಡೆಗೇ ತಿರುಗಿ ಮಾತಾಡಿದ. ಈ ಪ್ರಶ್ನೆ ಯಾಕೆಂದರೆ, 4ಕೆಯಲ್ಲಿ (ಅಡ್ಡ 3840, ಉದ್ದ 2160 ಚುಕ್ಕೆಗಳು; 1080 ಅಂದರೆ ಉದ್ದಕ್ಕೆ ಅದರ ಅರ್ಧ) 60 ಮಾತ್ರ ಓಡುವ ಪ್ಯಾನೆಲ್‌ನಲ್ಲಿ ಎರಡೆರಡು ಸಾಲುಗಳನ್ನು ಒಟ್ಟಿಗೆ ನಡೆಸಿ, ಮೇಲಿಂದ ಕೆಳಗಿನ ವಿವರವನ್ನು ಅರ್ಧಕ್ಕಿಳಿಸಿ, ಗೇಮ್‌ಗೆ 120 ಅಂತ ಕೊಡುವ ಉಪಾಯ ಬಂದಿದೆ. ಡ್ಯುಯಲ್ ಲೈನ್ ಗೇಟ್ ಅಂತ ಅದರ ಹೆಸರು. ಕೆಲಸಕ್ಕೆ ಬಾರದ್ದೇನಲ್ಲ, ವೇಗದ ಶೂಟಿಂಗ್ ಗೇಮ್‌ಗಳನ್ನೇ ಆಡುವವರಿಗೆ ಕಡಿಮೆ ದುಡ್ಡಿನಲ್ಲಿ ಆಗುವ ಅನುಕೂಲವೇ. ಆದರೆ ನಿಜವಾದ 120ರ ಬೆಲೆ ಕೊಟ್ಟು ಇದನ್ನು ತರಬಾರದು. ಮೋಷನ್ ರೇಟ್ 240, ಎಂಇಎಂಸಿ ಅಂತೆಲ್ಲ ಬರೆದಿರುವುದಂತೂ ಈ ಲೆಕ್ಕಕ್ಕೇ ಬರುವುದಿಲ್ಲ, ಅವೆಲ್ಲ ನಡುವೆ ಚಿತ್ರ ಹುಟ್ಟಿಸಿ ಸೇರಿಸುವ ಸಾಫ್ಟ್‌ವೇರ್ ಕೆಲಸ.

ಟಿವಿಗೆ ಕನ್ಸೋಲ್ ಜೋಡಿಸುವ ಪೋರ್ಟ್ ಎಚ್‌ಡಿಎಂಐ. ಅದರ ಹೊಸ ಆವೃತ್ತಿ 2.1 ಅನ್ನುವುದೂ ಇದೇ ಥರ ಥಳಕು. 2.0ಯಲ್ಲಿ ಸೆಕೆಂಡಿಗೆ 18 ಗಿಗಾಬಿಟ್ (ಜಿಬಿಪಿಎಸ್) ಮಾಹಿತಿ ಹರಿದರೆ 2.1ರಲ್ಲಿ 48ರ ತನಕ ಹರಿಯಬಲ್ಲದು. “ಬಲ್ಲದು” ಅಷ್ಟೇ, ಹರಿಯಲೇಬೇಕು ಅಂತ ನಿಯಮದಲ್ಲಿಲ್ಲ. ಹೊಸ ಸೌಲಭ್ಯಗಳೆಲ್ಲ ಐಚ್ಛಿಕ. 4ಕೆ 120 ಇಲ್ಲದ ಪೋರ್ಟಿಗೂ 2.1 ಅಂತ ಹೆಸರಿಡಬಹುದು. ಅದಕ್ಕೇ ನಾನು ಆವೃತ್ತಿಯ ಸಂಖ್ಯೆ ಕೇಳಲಿಲ್ಲ. ಯಾವ ಪೋರ್ಟಿನಲ್ಲಿ 4ಕೆ 120 ಬರುತ್ತದೆ, ವಿಆರ್‌ಆರ್ ಇದೆಯೇ, ಎಎಲ್‌ಎಲ್‌ಎಂ ಇದೆಯೇ ಅಂತ ಒಂದೊಂದನ್ನೂ ಬಿಡಿಸಿ ಕೇಳಿದೆ. ವಿಆರ್‌ಆರ್ ಇದ್ದರೆ ಗೇಮ್ ಎಷ್ಟು ವೇಗವಾಗಿ ಚಿತ್ರ ಕೊಡುತ್ತದೋ ಪರದೆಯೂ ಅಷ್ಟೇ ವೇಗಕ್ಕೆ ಹೊಂದಿಕೊಳ್ಳುತ್ತದೆ, ಚಿತ್ರ ಮಧ್ಯಕ್ಕೆ ಸೀಳುವುದಿಲ್ಲ. ಪ್ಲೇಸ್ಟೇಷನ್ 5ರಲ್ಲಿ ಇದು 48ರಿಂದ 120ರವರೆಗೆ ಕೆಲಸ ಮಾಡುತ್ತದೆ. 60ರ ಪ್ಯಾನೆಲ್‌ನಲ್ಲಿ ವಿಆರ್‌ಆರ್ ಅಂದರೂ ಸಾಮಾನ್ಯವಾಗಿ 48ರಿಂದ 60ರ ಇಕ್ಕಟ್ಟಿನಲ್ಲೇ ಆಡಬೇಕು. ಎಎಲ್‌ಎಲ್‌ಎಂ ಅಂದರೆ ಗೇಮ್ ಶುರುವಾದ ಕೂಡಲೇ ಟಿವಿ ತಾನೇ ಗೇಮ್ ಮೋಡ್‌ಗೆ ಹೋಗುವುದು. ಚಿಕ್ಕ ಸೌಕರ್ಯ, ಆದರೆ ದಿನಾ ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ಸಂಗತಿ, ಬಹಳ ಜನರ ಗಮನಕ್ಕೆ ಬಾರದ್ದು. ಎಷ್ಟೋ ಟಿವಿಗಳಲ್ಲಿ ನಾಲ್ಕು ಪೋರ್ಟಿದ್ದರೂ ವೇಗದವು ಎರಡೇ. ಆ ಎರಡರಲ್ಲಿಯೂ ಒಂದು ಇಆರ್ಕ್ ಪೋರ್ಟ್, ಅಂದರೆ ಸೌಂಡ್‌ಬಾರ್ ಹೋಗಬೇಕಾದ ಜಾಗ. ಕನ್ಸೋಲ್ ಒಂದೇ ಇದ್ದರೆ ತೊಂದರೆಯಿಲ್ಲ. ಜೊತೆಗೆ ಎಕ್ಸ್‌ಬಾಕ್ಸೋ ಗೇಮಿಂಗ್ ಕಂಪ್ಯೂಟರೋ ಇದ್ದರೆ ತಿಕ್ಕಾಟ ಶುರು. ಟಿವಿಯ ಹಿಂಭಾಗದ ಫೋಟೊ ನೋಡಿ, ಯಾವ ತಂತಿ ಎಲ್ಲಿಗೆ ಅಂತ ಕೊಳ್ಳುವ ಮುಂಚೆಯೇ ಚೀಟಿಯಲ್ಲಿ ಬರೆದುಕೊಂಡಿದ್ದೆ.

ಎಚ್‌ಡಿಆರ್, ಅಂದರೆ ತೀರ ಬೆಳಕನ್ನೂ ತೀರ ಕತ್ತಲನ್ನೂ ಒಟ್ಟಿಗೆ ತೋರಿಸುವ ಚಿತ್ರದ ಬಗೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. 300 ನಿಟ್ಸ್ (ಪರದೆಯ ಹೊಳಪಿನ ಅಳತೆ) ಬೆಳಕಿನ ಟಿವಿ ಮೇಲೂ ಎಚ್‌ಡಿಆರ್ ಅಂತ ಅಂಟಿಸಿರುತ್ತಾರೆ. ಸಂಕೇತ ಸ್ವೀಕರಿಸುತ್ತದೆ, ತೋರಿಸುವ ತಾಕತ್ತಿರುವುದಿಲ್ಲ. ನಾನು 700–800ರ ಮೇಲಿನದನ್ನೇ ಹುಡುಕಿದೆ, ಕಿಟಕಿಯ ಬೆಳಕಿಗೂ ಅದು ಬೇಕಿತ್ತು. ಎಚ್‌ಡಿಆರ್‌ನದೇ ಒಂದು ಬಗೆಯಾದ ಡಾಲ್ಬಿ ವಿಷನ್ ಇದ್ದರೆ ಸಿನಿಮಾಕ್ಕೆ ಒಳ್ಳೆಯದು. ಸ್ಯಾಮ್‌ಸಂಗ್‌ನ ಟಿವಿಗಳಲ್ಲಿ ಅದರ ಬದಲಿಗೆ ಎಚ್‌ಡಿಆರ್10 ಪ್ಲಸ್ ಬರುತ್ತದೆ. ಗೇಮ್‌ನಲ್ಲಿ ಡಾಲ್ಬಿ ವಿಷನ್ ಕೊಡುವುದು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಮತ್ತು ಎಸ್. ಪ್ಲೇಸ್ಟೇಷನ್ 5ಕ್ಕೆ ಅದಿಲ್ಲ, ಹಾಗಾಗಿ ನಮಗೆ ಅದೊಂದು ತೂಕದ ವಿಷಯ ಆಗಲಿಲ್ಲ.

ಟಿವಿ ಮನೆಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ, ಪರದೆ ತುಂಬ ಬೂದುಬಣ್ಣ ಹಾಕಿ ನೋಡಿದ್ದು. ಮಾಸಲು ಕಲೆ, ಉದ್ದನೆಯ ಪಟ್ಟಿ, ಕತ್ತಲಾದ ಮೂಲೆ ಇದ್ದರೆ ಅದರಲ್ಲಿ ಕಾಣುತ್ತದೆ. ಪಂದ್ಯ ನೋಡುವಾಗ ಕ್ಯಾಮೆರಾ ಹಸಿರು ಮೈದಾನದ ಮೇಲೆ ಓಡಿದರೆ ಆ ಕಲೆಗಳೇ ಎದ್ದು ಬರುವುದು. ಒಂದೇ ಮಾದರಿಯ ಎರಡು ಟಿವಿಗಳಲ್ಲಿ ಒಂದು ಚೊಕ್ಕಟ, ಇನ್ನೊಂದು ಕೊಳಕು ಇರಬಹುದು. ವಾಪಸ್ ಕೊಡುವ ಅವಧಿ ಮುಗಿಯುವುದರೊಳಗೆ ಇದನ್ನು ನೋಡಿಬಿಡಬೇಕು. ನಮ್ಮದರಲ್ಲಿ ಎಡತುದಿ ತುಸು ಮಬ್ಬು, ಹುಡುಕಿದರಷ್ಟೇ ಕಾಣುವಂಥದ್ದು. ಇಟ್ಟುಕೊಂಡೆವು.

ಆಮೇಲೆ ಸೆಟ್ಟಿಂಗ್. ಕನ್ಸೋಲ್ ಜೋಡಿಸಿದ ತಕ್ಷಣ 120 ಬರುತ್ತದೆ ಅಂದುಕೊಳ್ಳಬೇಡಿ. ಟಿವಿಯಲ್ಲಿ ಒಂದೊಂದು ಎಚ್‌ಡಿಎಂಐ ಪೋರ್ಟಿಗೂ ಸಿಗ್ನಲ್ ಬಗೆ ಬೇರೆಯಾಗಿ ಆರಿಸಬೇಕಾಗುತ್ತದೆ. ಎನ್‌ಹಾನ್ಸ್‌ಡ್ ಫಾರ್ಮ್ಯಾಟ್, ಇನ್‌ಪುಟ್ ಸಿಗ್ನಲ್ ಪ್ಲಸ್, ಡೀಪ್ ಕಲರ್, ಹೀಗೆ ಕಂಪನಿಗೊಂದು ಹೆಸರು. ನಂತರ ಪ್ಲೇಸ್ಟೇಷನ್‌ನ ವೀಡಿಯೊ ಔಟ್‌ಪುಟ್ ಮಾಹಿತಿ ಪುಟ ತೆರೆದು ನೋಡಿದೆ. 3840x2160, 120 ಹರ್ಟ್ಜ್ ಅಂತ ಅಲ್ಲಿ ಕಂಡ ಮೇಲೆಯೇ ಸಮಾಧಾನ. ಎಚ್‌ಡಿಆರ್ ಜೊತೆ 120 ಓಡಿದಾಗ ಬಣ್ಣದ ಸಾಲಿನಲ್ಲಿ ವೈಯುವಿ 422 ಅಂತ ತೋರಿಸುತ್ತದೆ, ಅಂದರೆ ಬಣ್ಣದ ವಿವರವನ್ನು ತುಸು ಕಡಿಮೆ ಮಾಡಿ ಕಳಿಸುತ್ತಿದೆ. ಅದು ಟಿವಿಯ ದೋಷವಲ್ಲ, ಆ ಕನ್ಸೋಲ್ ಹೊರಗೆ ಬಿಡುವುದೇ 32 ಜಿಬಿಪಿಎಸ್. ಬಹಳ ಗೇಮ್‌ಗಳಲ್ಲಿ ಪರ್ಫಾರ್ಮೆನ್ಸ್ ಮೋಡ್ ಆರಿಸದೆ 120 ಹತ್ತುವುದೂ ಇಲ್ಲ. ಎಚ್‌ಡಿಆರ್ ಹೊಂದಿಸುವ ಮುಂಚೆ ಟಿವಿಯಲ್ಲಿ ಟೋನ್ ಮ್ಯಾಪಿಂಗ್‌ನ್ನು (ಎಚ್‌ಡಿಆರ್‌ನ ಬೆಳಕನ್ನು ಪರದೆಯ ತಾಕತ್ತಿಗೆ ಹೊಂದಿಸುವುದು) ಎಚ್‌ಜಿಐಜಿಗೆ ಹಾಕಿದೆ, ಆಗ ಆ ಕೆಲಸ ಕನ್ಸೋಲ್‌ಗೆ ಬಿಟ್ಟಂತೆ. ಇಲ್ಲದಿದ್ದರೆ ಕನ್ಸೋಲೂ ಟಿವಿಯೂ ಇಬ್ಬರೂ ಬೆಳಕು ತಿದ್ದಲು ಹೋಗಿ ಮೋಡವೆಲ್ಲ ಬಿಳಿ ಮುದ್ದೆ ಆಗುತ್ತದೆ.

ಸಿನಿಮಾಕ್ಕೆ ಫಿಲ್ಮ್‌ಮೇಕರ್ ಮೋಡ್. ಚಿತ್ರ ನಯ ಮಾಡುವ ಆಯ್ಕೆಗಳೆಲ್ಲ ಅದರಲ್ಲಿ ತಾನಾಗಿಯೇ ಆರುತ್ತವೆ. ಮೊದಲ ವಾರ ಮನೆಯಲ್ಲಿ ಎಲ್ಲರೂ “ಬಣ್ಣ ಹಳದಿ ಆಯ್ತಲ್ಲ” ಅಂದರು, ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ. ಅದೇ ಮೋಡ್‌ನಲ್ಲಿ ಗೇಮ್ ಆಡಬಾರದು. ಗುಂಡಿ ಒತ್ತಿದ್ದು ಪರದೆಗೆ ಬರಲು ಎಷ್ಟೋ ಟಿವಿಗಳು ಅಲ್ಲಿ 50ರಿಂದ 100 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ, ಗೇಮ್ ಮೋಡ್‌ನಲ್ಲಿ 10–15ಕ್ಕೆ ಇಳಿಯುತ್ತದೆ.

ಸ್ಮಾರ್ಟ್ ಭಾಗಕ್ಕೆ ನಾನು ತಲೆಕೆಡಿಸಿಕೊಳ್ಳಲಿಲ್ಲ. ಗೂಗಲ್ ಟಿವಿಯೋ ವೆಬ್‌ಓಎಸ್ಸೋ, ನಿಧಾನವಾದರೆ ಒಂದು ಸ್ಟಿಕ್ ಸಿಕ್ಕಿಸಿದರಾಯಿತು. ಶುರುವಿನಲ್ಲಿ ಕೇಳುವ ಒಪ್ಪಿಗೆಗಳಲ್ಲಿ, ಪರದೆಯಲ್ಲಿ ಏನು ನೋಡುತ್ತೇವೆಂದು ಗುರುತಿಸಿ ಕಳಿಸುವ ಎಸಿಆರ್ ಇರುತ್ತದೆ, ಅದನ್ನು ಆಫ್ ಮಾಡಿದೆ. ನೆಟ್‌ವರ್ಕ್ ತಂತಿಯ ಬಗ್ಗೆ ಒಂದು ಮಾತು: ಬಹುತೇಕ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. 4ಕೆಗೆ ನೆಟ್‌ಫ್ಲಿಕ್ಸ್ ಕೇಳುವುದು 15, ಹಾಗಾಗಿ ಅದು ಧಾರಾಳ. ಮನೆಯ ಹಾರ್ಡ್‌ಡಿಸ್ಕ್‌ನಿಂದ ಭಾರಿ ಗಾತ್ರದ ಫೈಲ್ ಓಡಿಸುವಾಗ ಮಾತ್ರ ತಂತಿಯಲ್ಲಿ ತಡವರಿಸಿತು. ಅಂಥವಕ್ಕೆ 5 ಗಿಗಾಹರ್ಟ್ಜ್ ವೈಫೈಗೆ ಬದಲಾಯಿಸಿಕೊಂಡಿದ್ದೇನೆ.